ಕೋಲ್ಟೋ ಹೈ-ಪವರೋ? ಉತ್ತರವಿರುವುದು ಮೂರು ಮಿಲಿಮೀಟರಿನಲ್ಲಿ

ಧಾರವಾಡ ಸೀಮೆಯಲ್ಲಿ ಸೈನ್ಯದಿಂದಲೋ ಪೊಲೀಸ್ ಇಲಾಖೆಯಿಂದಲೋ ನಿವೃತ್ತರಾದ ನಾಲ್ಕು ಜನ ಕೂಡಿದಲ್ಲಿ ಪಿಸ್ತೂಲಿನ ಮಾತು ಬಂತೆಂದರೆ, ಅದು ಬಹುಬೇಗ ಎರಡು ಹೆಸರುಗಳ ನಡುವಿನ ವಾಗ್ವಾದವಾಗಿ ಬಿಡುತ್ತದೆ: ಒಂದು ಅಮೆರಿಕದ ಕೋಲ್ಟ್ 1911, ಇನ್ನೊಂದು ಬೆಲ್ಜಿಯಂನ ಬ್ರೌನಿಂಗ್ ಹೈ-ಪವರ್. ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ ಗುಂಡಿನ ಗಾತ್ರದ್ದು. "ನಲವತ್ತೈದರ ಗುಂಡು ಬಿದ್ದರ ಎಂಥಾ ಆಳೂ ನಾಲ್ಕು ಮಾರು ಹಿಂದಕ್ಕ ಹಾರತಾನ್ರೀ" ಎಂದು ಒಬ್ಬರು ಹೇಳಿದರೆ, ಉಳಿದವರು ಸಿನಿಮಾದಲ್ಲಿ ಅದನ್ನು ಕಣ್ಣಾರೆ ಕಂಡವರಾದ್ದರಿಂದ ತಲೆಯಾಡಿಸುತ್ತಾರೆ. ಈ ತಲೆಯಾಟವೇ ನನಗೆ ತಡೆಯಲಾರದ ಸಂಗತಿ. ಪ್ರೌಢಶಾಲೆಯಲ್ಲಿ ನ್ಯೂಟನ್ನನ ಮೂರನೆಯ ನಿಯಮವನ್ನು ಬಾಯಿಪಾಠ ಮಾಡಿ ಅಂಕ ಪಡೆದವರೂ ಬಂದೂಕಿನ ಎದುರು ಅದನ್ನು ಮರೆತುಬಿಡುವುದು ಹೇಗೆ?

ಲೆಕ್ಕ ಬಹಳ ಸುಲಭ. ಕೋಲ್ಟಿನ .45 (ವ್ಯಾಸ, ಇಂಚಿನಲ್ಲಿ) ಗುಂಡಿನ ತೂಕ ಸುಮಾರು 14.9 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 253 ಮೀಟರ್. ಹೈ-ಪವರಿನ 9 ಎಂಎಂ ಗುಂಡು ಸುಮಾರು 8 ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಚಲನಶಕ್ತಿಯನ್ನು ಲೆಕ್ಕ ಹಾಕಿದರೆ ಮೊದಲನೆಯದಕ್ಕೆ 477 ಜೂಲ್, ಎರಡನೆಯದಕ್ಕೆ 490 ಜೂಲ್. ಅಂದರೆ ಎರಡೂ ಸರಿಸಮ. ಸಂವೇಗದಲ್ಲಿ, ಅಂದರೆ ತೂಕವನ್ನು ವೇಗದಿಂದ ಗುಣಿಸಿದಾಗ ಬರುವ ಮೊತ್ತದಲ್ಲಿ, ಮಾತ್ರ ವ್ಯತ್ಯಾಸವಿದೆ: .45ಕ್ಕೆ 3.8 ಏಕಮಾನ, 9 ಎಂಎಂಗೆ 2.8. ಈ 3.8ನ್ನು ಅರವತ್ತು ಕಿಲೋ ತೂಕದ ಮನುಷ್ಯನ ಮೈಗೆ ಪೂರ್ತಿಯಾಗಿ ಹಂಚಿದರೂ ಅವನಿಗೆ ಸಿಗುವ ವೇಗ ಸೆಕೆಂಡಿಗೆ ಆರು ಸೆಂಟಿಮೀಟರ್ ಮಾತ್ರ. ಇರುವೆಯ ಸಾಲನ್ನು ಕಂಡು ಕಾಲು ಹಿಂದೆ ಇಡುವವನೂ ಇದಕ್ಕಿಂತ ವೇಗವಾಗಿ ಚಲಿಸುತ್ತಾನೆ. ಇನ್ನೊಂದು ಮಾತು: ಗುಂಡಿಗೆ ಎಷ್ಟು ಸಂವೇಗ ಸಿಕ್ಕಿತೋ ಅಷ್ಟೇ ಸಂವೇಗ, ಹೊರನುಗ್ಗುವ ಅನಿಲದ ಪಾಲನ್ನೂ ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು, ಹೊಡೆದವನ ಕೈಗೂ ಬಂದಿರಲೇಬೇಕು. ಗುಂಡು ತಗುಲಿದವನು ನಾಲ್ಕು ಮಾರು ಹಾರುವುದೇ ನಿಜವಾದರೆ ಹೊಡೆದವನೂ ಅಷ್ಟೇ ದೂರ ಹಾರಬೇಕಾಗುತ್ತದೆ. ಪಿಸ್ತೂಲಿನ ಗುಂಡು ಅಪಾಯಕಾರಿಯಾಗುವುದು ಅದು ನೂಕುವುದರಿಂದಲ್ಲ. ಯಾವ ಅಂಗವನ್ನು ಎಷ್ಟು ಆಳಕ್ಕೆ ಸೀಳಿತು ಎಂಬುದರಿಂದ.

ದೊಡ್ಡ ಗುಂಡಿನ ಈ ಮಹಿಮೆಗೆ ಒಂದು ಇತಿಹಾಸವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫಿಲಿಪೀನ್ಸಿನಲ್ಲಿ ಮೋರೋ ಯೋಧರೊಂದಿಗೆ ಕಾದಾಡುತ್ತಿದ್ದ ಅಮೆರಿಕದ ಸೈನಿಕರು, ತಮ್ಮ .38 ರಿವಾಲ್ವರುಗಳು ಎದುರಾಳಿಯನ್ನು ತಡೆಯುತ್ತಿಲ್ಲವೆಂದು ದೂರಿದರು. 1904ರಲ್ಲಿ ಜಾನ್ ಥಾಂಪ್ಸನ್ ಎಂಬ ಸೇನಾಧಿಕಾರಿ ಮತ್ತು ಲೂಯಿ ಲಾಗಾರ್ಡ್ ಎಂಬ ಸೇನಾ ವೈದ್ಯ ಇಬ್ಬರೂ ಷಿಕಾಗೊದ ಕಸಾಯಿಖಾನೆಯ ದನಗಳ ಮೇಲೆ, ಮತ್ತು ಮನುಷ್ಯರ ಶವಗಳ ಮೇಲೆ ಬೇರೆ ಬೇರೆ ಗುಂಡುಗಳನ್ನು ಹಾರಿಸಿ ನೋಡಿ, ಸೈನ್ಯದ ಪಿಸ್ತೂಲಿನ ವ್ಯಾಸ .45 ಇಂಚಿಗಿಂತ ಕಡಿಮೆಯಿರಬಾರದೆಂದು ವರದಿ ಕೊಟ್ಟರು. ಕೆಲವೇ ಪ್ರಾಣಿಗಳ ಮೇಲಿನ, ಒಂದೇ ಬಗೆಯಲ್ಲಿ ನಡೆಯದ ಆ ಪ್ರಯೋಗವನ್ನು ಇಂದಿನ ಯಾವ ವಿಜ್ಞಾನ ಪತ್ರಿಕೆಯೂ ಪ್ರಕಟಿಸಲಾರದು. ಆದರೂ ಅದರ ತೀರ್ಮಾನ ಮಾತ್ರ ನೂರು ವರ್ಷ ದಾಟಿ ನಮ್ಮೂರ ಕಟ್ಟೆಯವರೆಗೂ ಬಂದಿದೆ.

ಹಾಗಾದರೆ ಈ ಎರಡರ ನಡುವೆ ಆರಿಸುವುದು ಯಾವ ಆಧಾರದ ಮೇಲೆ? ಪಿಸ್ತೂಲಿನ ಒಳಗೆ ನಡೆಯುವ ಒಂದು ಸಣ್ಣ ಚಲನೆಯ ಆಧಾರದ ಮೇಲೆ ಎಂಬುದು ನನ್ನ ವಾದ. ಅದನ್ನು ವಿವರಿಸಲು ಸ್ವಲ್ಪ ವ್ಯವಧಾನ ಬೇಕು.

ಕಾಡತೂಸಿನ ಮದ್ದು ಉರಿದಾಗ .45ರೊಳಗೆ ಹುಟ್ಟುವ ಒತ್ತಡ ಗರಿಷ್ಠ ಸುಮಾರು 1,400 ವಾಯುಭಾರ. 9 ಎಂಎಂನಲ್ಲಿ ಸುಮಾರು 2,400. ಎರಡನೆಯದು ಬಹಳ ಹೆಚ್ಚೆಂದು ತೋರುತ್ತದೆ, ಆದರೆ ಅದರ ನಳಿಕೆ ಸಣ್ಣದು. ಒತ್ತಡವನ್ನು ನಳಿಕೆಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಎರಡರಲ್ಲಿಯೂ ಹಿಂದಕ್ಕೆ ಒತ್ತುವ ಬಲ ಹೆಚ್ಚುಕಡಿಮೆ ಒಂದೇ ಆಗುತ್ತದೆ: ಒಂದೂವರೆ ಟನ್ ತೂಕಕ್ಕೆ ಸಮ. ಈ ಬಲವನ್ನು ಸ್ಪ್ರಿಂಗ್ ತಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. 1911ರ ಸ್ಪ್ರಿಂಗಿನ ಬಲ ಏಳು ಕಿಲೋದ ಆಸುಪಾಸಿನದು. ಏಳು ಕಿಲೋ ಒಂದೂವರೆ ಟನ್ನನ್ನು ತಡೆಯುವುದುಂಟೇ? ಸ್ಪ್ರಿಂಗಿನ ಮುಖ್ಯ ಕೆಲಸ ಹಿಂದೆ ಹೋದ ಸ್ಲೈಡನ್ನು (ನಳಿಕೆಯನ್ನು ಆವರಿಸಿ ಹಿಂದೆ ಮುಂದೆ ಜಾರುವ ಉಕ್ಕಿನ ಮೇಲುಭಾಗವನ್ನು) ಮರಳಿ ಮುಂದೆ ತರುವುದು. ತಡೆಯುವ ಕೆಲಸ ಬೀಗದ್ದು.

ಆ ಬೀಗವನ್ನು ಯೋಚಿಸಿದವನು ಅಮೆರಿಕದ ಯೂಟಾದ ಆಗ್ಡೆನ್ ಊರಿನ ಜಾನ್ ಮೋಸೆಸ್ ಬ್ರೌನಿಂಗ್. ನಳಿಕೆಯ ಬೆನ್ನ ಮೇಲೆ ಎದ್ದುನಿಂತ ಏಣುಗಳು ಸ್ಲೈಡಿನ ಒಳಮೈಯಲ್ಲಿ ಕೊರೆದ ಕಚ್ಚುಗಳಿಗೆ ಕೂತಿರುತ್ತವೆ. ಹೀಗೆ ಒಂದಾದ ನಳಿಕೆ ಮತ್ತು ಸ್ಲೈಡ್ ಗುಂಡು ಹಾರಿಸಿದ ಕೂಡಲೇ ಜೊತೆಯಾಗಿಯೇ ಹಿಂದೆ ಸರಿಯತೊಡಗುತ್ತವೆ. ಗುಂಡು ನಳಿಕೆಯನ್ನು ಬಿಡಲು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಬೇಕಾಗುವುದಿಲ್ಲ; ಅಷ್ಟರಲ್ಲಿ ಗುಂಡಿಗಿಂತ ಮೂವತ್ತು ಪಟ್ಟಿಗೂ ಹೆಚ್ಚು ಭಾರವಾದ ಈ ಜೋಡಿ ಹಿಂದೆ ಸರಿದಿರುವುದು ಎರಡು-ಮೂರು ಮಿಲಿಮೀಟರ್ ಮಾತ್ರ. ಗುಂಡು ಹೊರಬಿದ್ದು ಒತ್ತಡ ಇಳಿದ ಮೇಲೆ ನಳಿಕೆಯ ಹಿಂಭಾಗ ಕೆಳಗೆ ಬಾಗುತ್ತದೆ, ಏಣುಗಳು ಕಚ್ಚುಗಳಿಂದ ಬಿಡಿಸಿಕೊಳ್ಳುತ್ತವೆ, ನಳಿಕೆ ನಿಲ್ಲುತ್ತದೆ, ಸ್ಲೈಡ್ ಮುಂದುವರಿದು ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ. ಹುಬ್ಬಳ್ಳಿಯ ಯಾರ್ಡಿನಲ್ಲಿ ಶಂಟಿಂಗ್ ಎಂಜಿನ್ ವ್ಯಾಗನ್ನನ್ನು ತಾನೂ ಜೊತೆಗೇ ಓಡಿ ನೂಕಿ, ತಾನು ಬ್ರೇಕ್ ಹಾಕಿ ನಿಂತ ಮೇಲೆ ವ್ಯಾಗನ್ ಒಂದೇ ಉರುಳಿಕೊಂಡು ಹೋಗುವುದನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಮೊದಲ ಮೂರು ಮಿಲಿಮೀಟರ್ ಜೊತೆಯ ಓಟ, ಆಮೇಲೆ ಅಗಲಿಕೆ. ಬೀಗ ಬೇಗ ಬಿಟ್ಟರೆ ತೋಟೆ ಒಡೆದು ಬಿಸಿ ಅನಿಲ ಹೊಡೆದವನ ಮುಖಕ್ಕೇ ಬರುತ್ತದೆ. ಬಿಡದೇ ಹೋದರೆ ಪಿಸ್ತೂಲು ಒಂದೇ ಗುಂಡಿಗೆ ಸ್ತಬ್ಧವಾಗುತ್ತದೆ.

ನಳಿಕೆ ಬಾಗುವುದನ್ನು ನೋಡಲು ಹಾರಿಸಬೇಕಾಗಿಲ್ಲ. ಆಯುಧಪೂಜೆಯ ದಿನ ಪೊಲೀಸ್ ಮೈದಾನದಲ್ಲಿ ಕುಂಕುಮ, ಚೆಂಡು ಹೂವಿನೊಂದಿಗೆ ಸಾಲಾಗಿ ಇಟ್ಟ ಆಯುಧಗಳಲ್ಲಿ ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸಿದ 9 ಎಂಎಂ ಪಿಸ್ತೂಲೊಂದನ್ನು ನಾನು ಪಕ್ಕದಿಂದ ಬಗ್ಗಿ ನೋಡಿದ್ದೇನೆ. ಸ್ಲೈಡ್ ಮಟ್ಟಸವಾಗಿದ್ದರೂ ಹೊರಗೆ ಚಾಚಿದ ನಳಿಕೆಯ ಮೂತಿ ಮಾತ್ರ ತುಸು ಆಕಾಶ ನೋಡುತ್ತಿತ್ತು. ಅದರ ಮೇಲ್ಮೈಯಲ್ಲಿ ಕರಿಬಣ್ಣ ಸವೆದು ಉಕ್ಕು ಹೊಳೆಯುವ ಒಂದು ಅರ್ಧಚಂದ್ರಾಕಾರದ ಗುರುತಿತ್ತು. ಪ್ರತಿ ಗುಂಡಿಗೂ ನಳಿಕೆ ಬಾಗಿ ಸ್ಲೈಡಿನ ಬಾಯಿಗೆ ಉಜ್ಜಿದ್ದರ ಫಲ ಅದು. ಪಕ್ಕದಲ್ಲಿದ್ದ ಸಿಬ್ಬಂದಿಯೊಬ್ಬರು "ನಳಿಕೆ ಸೊಟ್ಟ ಆಗಿಲ್ಲ ಸರ, ಅದು ಇರೋದ ಹಂಗ" ಎಂದು ತಾವಾಗಿಯೇ ಹೇಳಿದ್ದರಿಂದ, ಈ ಅನುಮಾನ ನನ್ನೊಬ್ಬನದೇ ಅಲ್ಲವೆಂದು ತಿಳಿಯಿತು.

ಎರಡು ಪಿಸ್ತೂಲುಗಳು ಬೇರೆಯಾಗುವುದು ನಳಿಕೆಯನ್ನು ಕೆಳಗೆಳೆಯುವ ರೀತಿಯಲ್ಲಿ. 1911ರಲ್ಲಿ ನಳಿಕೆಯ ಅಡಿಗೆ ಒಂದು ಪುಟ್ಟ ಕೊಂಡಿಯಿದೆ. ಅದರ ಒಂದು ತುದಿ ನಳಿಕೆಗೆ, ಇನ್ನೊಂದು ತುದಿ ಚೌಕಟ್ಟನ್ನು ಹಾದುಹೋಗುವ ಅಡ್ಡಮೊಳೆಗೆ ಸೇರಿದ್ದು, ನಳಿಕೆ ಹಿಂದೆ ಬಂದಂತೆ ಕೊಂಡಿ ತಿರುಗಿ ಅದನ್ನು ಕೆಳಗೆಳೆಯುತ್ತದೆ. ಬ್ರೌನಿಂಗ್ ತನ್ನ 1900ರ ಪಿಸ್ತೂಲಿನಲ್ಲಿ ಮುಂದೊಂದು ಹಿಂದೊಂದು ಹೀಗೆ ಎರಡು ಕೊಂಡಿ ಇಟ್ಟಿದ್ದ. ಹತ್ತು ವರ್ಷಗಳ ತಿದ್ದುಪಡಿಯಲ್ಲಿ ಮುಂದಿನದನ್ನು ಕೈಬಿಟ್ಟ. 1911ರ ಮಾರ್ಚಿನ ಪರೀಕ್ಷೆಯಲ್ಲಿ ಈ ಪಿಸ್ತೂಲು ಆರು ಸಾವಿರ ಗುಂಡುಗಳನ್ನು ತಡೆಯಿಲ್ಲದೆ ಹಾರಿಸಿತು. ಅದೇ ತಿಂಗಳ 29ರಂದು ಸೈನ್ಯ ಅದನ್ನು ಒಪ್ಪಿಕೊಂಡಿತು, 1985ರವರೆಗೂ ಬಿಡಲಿಲ್ಲ.

ಹೈ-ಪವರಿನಲ್ಲಿ ಕೊಂಡಿಯೇ ಇಲ್ಲ. ನಳಿಕೆಯ ಅಡಿಯಲ್ಲಿರುವ ಉಕ್ಕಿನ ಗಂಟಿನಲ್ಲೇ ಓರೆಯಾದ ಒಂದು ಜಾಡು ಕೊರೆದಿದೆ; ಚೌಕಟ್ಟಿನಲ್ಲಿ ಅಲುಗಾಡದ ಒಂದು ಅಡ್ಡಪಟ್ಟಿಯಿದೆ. ಜಾಡು ಪಟ್ಟಿಯ ಮೇಲೆ ಜಾರಿದಾಗ ನಳಿಕೆ ತಾನಾಗಿ ಕೆಳಗಿಳಿಯುತ್ತದೆ. ತಿರುಗುವ ಭಾಗವಿಲ್ಲ, ತೂತು ಅಗಲವಾಗುವ ಭಯವಿಲ್ಲ, ಬೀಗ ಬಿಡುವ ಕ್ಷಣ ಜಾಡಿನ ಆಕಾರದಲ್ಲೇ ನಿಗದಿಯಾಗಿದೆ. ಕೊಂಡಿ ಸವೆದರೆ ಬೀಗದ ಸಮಯ ತಪ್ಪುತ್ತದೆ ಎಂಬುದು 1911ನ್ನು ರಿಪೇರಿ ಮಾಡುವವರಿಗೆಲ್ಲ ಗೊತ್ತಿರುವ ತಲೆನೋವು. ಆಮೇಲೆ ಬಂದ ಸಿಜೆಡ್ 75, ಗ್ಲಾಕ್ ಮೊದಲಾದ ಪಿಸ್ತೂಲುಗಳು ಕೊಂಡಿಯ ದಾರಿ ಬಿಟ್ಟು ಈ ಜಾಡಿನ ದಾರಿಯನ್ನೇ ಹಿಡಿದವು.

ಇಲ್ಲೊಂದು ಸ್ವಾರಸ್ಯವಿದೆ. ಎರಡನೆಯ ಪಿಸ್ತೂಲಿನ ಮೂಲವೂ ಬ್ರೌನಿಂಗನೇ. ತನ್ನ ಹಳೆಯ ಉಪಾಯಗಳ ಪೇಟೆಂಟುಗಳು ಕೋಲ್ಟ್ ಕಂಪನಿಯ ವಶದಲ್ಲಿದ್ದುದರಿಂದ, ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಗಾಗಿ ಹೊಸದನ್ನು ರೂಪಿಸುವಾಗ ಅವನು ತನ್ನ ಆವಿಷ್ಕಾರವನ್ನೇ ತಪ್ಪಿಸಿ ಬೇರೆ ದಾರಿ ಹುಡುಕಬೇಕಾಯಿತು. ಕೆಲಸ ಮುಗಿಯುವ ಮೊದಲೇ, 1926ರ ನವೆಂಬರಿನಲ್ಲಿ, ಅದೇ ಕಾರ್ಖಾನೆಯಲ್ಲಿ ಅವನು ತೀರಿಕೊಂಡ. ಪೂರ್ಣಗೊಳಿಸಿದವನು ದಿಯುದೊನ್ನೆ ಸೇವ್. ಹದಿಮೂರು ಗುಂಡು ಹಿಡಿಸುವ ಮ್ಯಾಗಜಿನ್ನೂ ಅವನದೇ ಕೊಡುಗೆ. 1935ರಲ್ಲಿ ಹೊರಬಂದ ಈ ಪಿಸ್ತೂಲನ್ನು ಎರಡನೆಯ ಮಹಾಯುದ್ಧದಲ್ಲಿ ಎರಡೂ ಪಕ್ಷಗಳು ಬಳಸಿದವು. ನಮ್ಮ ಇಷಾಪುರದ ರೈಫಲ್ ಕಾರ್ಖಾನೆ ತಯಾರಿಸಿದ 9 ಎಂಎಂ 1ಎ ಪಿಸ್ತೂಲು ಇದರದೇ ಪ್ರತಿ. ನಮ್ಮ ಸೈನಿಕರು ದಶಕಗಳ ಕಾಲ ಹೆಗಲಿಗೇರಿಸಿದ್ದ ಎಸ್‌ಎಲ್‌ಆರ್ ರೈಫಲಿನ ಮೂಲ ವಿನ್ಯಾಸವೂ ಸೇವ್‌ನದೇ.

ಹಾಗೆಂದು 1911 ಸೋತಿತೆಂದಲ್ಲ. ಅದರ ಟ್ರಿಗರ್ ನೇರವಾಗಿ ಹಿಂದಕ್ಕೆ ಸರಿಯುತ್ತದೆ, ಮ್ಯಾಗಜಿನ್ನನ್ನು ಸುತ್ತುವರಿದ ಒಂದು ಬಳೆಯ ಮೂಲಕ ಬಲವನ್ನು ಹಿಂದೆ ಸಾಗಿಸುತ್ತದೆ. ಬೆರಳಿಗೆ ಇದಕ್ಕಿಂತ ಸ್ವಚ್ಛವಾದ ಎಳೆತ ಸಿಗುವುದು ಕಷ್ಟ. ಹೈ-ಪವರಿನಲ್ಲಿ ಬೆರಳಿನ ಬಲ ಮೇಲೇರಿ, ಸ್ಲೈಡಿನೊಳಗಿನ ಸನ್ನೆಯೊಂದನ್ನು ಹಾದು, ಮತ್ತೆ ಕೆಳಗಿಳಿಯಬೇಕು. ಸಾಲದ್ದಕ್ಕೆ ಮ್ಯಾಗಜಿನ್ ತೆಗೆದರೆ ಕಾಡತೂಸನ್ನು ಸಿಡಿಸಲು ಬಡಿಯುವ ಕುದುರೆ ಬೀಳದಂತೆ ತಡೆಯುವ ಸುರಕ್ಷಾ ಭಾಗವೊಂದು ಉಜ್ಜಿ ಎಳೆತವನ್ನು ಒರಟು ಮಾಡುತ್ತದೆ. ಗುರಿಯ ಮೇಲೆ ಸಾವಧಾನದಿಂದ ಹೊಡೆಯುವವರು 1911ನ್ನು ಮೆಚ್ಚುವುದಕ್ಕೆ ಕಾರಣ ಗುಂಡಿನ ಗಾತ್ರವಲ್ಲ, ಈ ಎಳೆತ. ಒದೆತದ ವಿಷಯದಲ್ಲಿ ಸಂವೇಗದ ಲೆಕ್ಕ ಹೈ-ಪವರಿನ ಪರವಾಗಿದೆ. ನನ್ನನ್ನು ಕೇಳಿದರೆ ಯಂತ್ರವಾಗಿ ನಾನು ಹೈ-ಪವರನ್ನೇ ಆರಿಸುತ್ತೇನೆ. ಒಂದು ಭಾಗವನ್ನು ಕಿತ್ತುಹಾಕಿ ಅದೇ ಕೆಲಸವನ್ನು ಇನ್ನೂ ಖಚಿತವಾಗಿ ಮಾಡಿಸುವ ಜಾಣ್ಮೆಗೆ ನನ್ನ ಮತ.

ನಮ್ಮಲ್ಲಿ ಈ ಆಯ್ಕೆ ಕಾಗದದ ಮೇಲಿನದು. 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಹಲಗಲಿಯ ಬೇಡರು ಬಂಡೆದ್ದ ಕಾಲದಿಂದಲೂ ಆಯುಧದ ಕಾನೂನು ಈ ಸೀಮೆಗೆ ಪರಿಚಿತ. ಇಂದು ಜಾರಿಯಲ್ಲಿರುವುದು 1959ರ ಕಾಯ್ದೆ. ಅದರಡಿಯ ನಿಯಮಗಳಲ್ಲಿ ಸೈನ್ಯದ 9 ಎಂಎಂ ಮತ್ತು .45 ಕಾಡತೂಸು ಹಾರಿಸುವ ಪಿಸ್ತೂಲುಗಳೆರಡೂ ನಿಷೇಧಿತ ಬೋರಿನವು (ಬೋರ್ ಎಂದರೆ ನಳಿಕೆಯ ಒಳವ್ಯಾಸ). ಬೆಳೆ ಕಾಯಲು ಬಂದೂಕಿನ ಪರವಾನಗಿ ಪಡೆದು, ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸುವ ಹಾವೇರಿಯ ರೈತನಾಗಲಿ, ಆತ್ಮರಕ್ಷಣೆಗೆ ಅರ್ಜಿ ಹಾಕುವ ಹುಬ್ಬಳ್ಳಿಯ ವ್ಯಾಪಾರಿಯಾಗಲಿ ಪಿಸ್ತೂಲು ಬೇಕೆಂದರೆ ಸಾಮಾನ್ಯವಾಗಿ .32ಕ್ಕೆ ತೃಪ್ತಿಪಡಬೇಕು. .32 ಪಿಸ್ತೂಲಿನ ಗುಂಡಿನ ಚಲನಶಕ್ತಿ ಸುಮಾರು 175 ಜೂಲ್; ಹಿಂದಕ್ಕೆ ಒತ್ತುವ ಬಲ ಹೈ-ಪವರಿನದರ ಅರ್ಧಕ್ಕಿಂತ ಕಡಿಮೆ. ಅಷ್ಟನ್ನು ಸ್ಲೈಡಿನ ಭಾರವೇ ತಡೆದುಕೊಳ್ಳುವುದರಿಂದ ಅಂಥ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ನಳಿಕೆ ಚೌಕಟ್ಟಿಗೆ ಭದ್ರವಾಗಿ ಕೂತಿರುತ್ತದೆ. ಅಲ್ಲಿ ಕೊಂಡಿಯೂ ಬೇಕಿಲ್ಲ, ಜಾಡೂ ಬೇಕಿಲ್ಲ.