ಮಳೆ ನಿಂತ ಮೇಲೆ ಚಟಚಟ ಎನ್ನುವ ಮೀಟರ್

ಜೋರು ಮಳೆ ಸುರಿಯುವಾಗ ಮನೆಯ ಕರೆಂಟ್ ಮೀಟರ್ ಸುಮ್ಮನೆ ಇರುತ್ತದೆ. ಮಳೆ ನಿಂತು, ಬಿಸಿಲು ಬಿದ್ದು, ಅಂಗಳ ಅರ್ಧ ಒಣಗಿದ ಮೇಲೆ ಅದರ ಕೆಳಗಿನಿಂದ ಚಟಚಟ ಸದ್ದು ಶುರುವಾಗುತ್ತದೆ. ಒಂಥರಾ ಸುಟ್ಟ ವಾಸನೆಯೂ ಬರುತ್ತದೆ. ಕಲಬುರಗಿಯ ಹಳೇ ಓಣಿಗಳಲ್ಲಿ ಮೀಟರ್ ಬೋರ್ಡು ಬಾಗಿಲ ಪಕ್ಕದ ಹೊರಗೋಡೆಯ ಮೇಲೇ ಇರುವುದರಿಂದ ಅನೇಕರು ಇದನ್ನು ನೋಡಿರುತ್ತಾರೆ. "ಮಳಿ ಬರೂ ಮುಂದ ಏನೂ ಆಗಿಲ್ಲ, ಈಗ್ಯಾಕ ಹಿಂಗ?" ಎಂದು ಮನೆಯವರು ಕೇಳುತ್ತಾರೆ. ಬಹಳ ಒಳ್ಳೆಯ ಪ್ರಶ್ನೆ.

ಮೊದಲು ನೀರಿನ ಕಥೆ ನೋಡೋಣ. ನೀರಿನಲ್ಲಿ ಕರೆಂಟ್ ಹರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅಪ್ಪಟ ಶುದ್ಧ ನೀರಿನಲ್ಲಿ ಅದು ಹರಿಯುವುದೇ ಇಲ್ಲ ಎನ್ನುವಷ್ಟು ಕಡಿಮೆ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಅಂಥ ನೀರಿನ ತುಂಡು ಸುಮಾರು 1.8 ಕೋಟಿ ಓಮ್‌ನಷ್ಟು ಅಡ್ಡಿ ಒಡ್ಡುತ್ತದೆ. ಸಾಧಾರಣ ಮಳೆ ನೀರಿನಲ್ಲಿ ಈ ಅಡ್ಡಿ ಕೆಲವು ಸಾವಿರ ಓಮ್‌ನಿಂದ ಲಕ್ಷ ಓಮ್‌ಗಳವರೆಗೆ ಇರುತ್ತದೆ. ನಮ್ಮ ಕಡೆಯ ಗಡಸು ಬೋರ್ ನೀರಿನಲ್ಲಾದರೆ ಸಾವಿರ ಓಮ್ ಆಸುಪಾಸು. ಇಷ್ಟು ವ್ಯತ್ಯಾಸ ತರುವುದು ನೀರಿನಲ್ಲಿ ಕರಗಿರುವ ಉಪ್ಪು, ಸುಣ್ಣ, ಧೂಳು.

ಅಂದರೆ ಆಕಾಶದಿಂದ ಬೀಳುವ ಹನಿ ಅಷ್ಟೇನೂ ಅಪಾಯಕಾರಿ ಅಲ್ಲ. ಅದು ಮೀಟರ್ ಮುಟ್ಟುವಷ್ಟರಲ್ಲಿ ಏನೇನು ಕರಗಿಸಿಕೊಂಡಿರುತ್ತದೆ ಎಂಬುದೇ ಮುಖ್ಯ. ಕಲಬುರಗಿ ಜಿಲ್ಲೆಯ ದೊಡ್ಡ ಭಾಗ ಸುಣ್ಣಕಲ್ಲಿನ ನೆಲ. ಶಹಾಬಾದ್ ಫರ್ಸಿ ಬರುವುದು ಇಲ್ಲಿಂದಲೇ. ವಾಡಿ, ಸೇಡಂ, ಚಿತ್ತಾಪುರದ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಇದೇ ಕಲ್ಲಿಗಾಗಿ. ಬೇಸಿಗೆಯಲ್ಲಿ ಈ ಧೂಳು ವೈರಿನ ಮೇಲೆ, ಬೋರ್ಡಿನ ಮೇಲೆ, ತೂತುಗಳ ಸಂದಿಯಲ್ಲಿ ಕೂತಿರುತ್ತದೆ. ಹಳೇ ಕಲ್ಲಿನ ಮನೆಗಳ ಗೋಡೆಯಲ್ಲಿ ಬಿಳಿ ಉಪ್ಪು ಎದ್ದಿರುತ್ತದೆ, ಉಗುರಿನಿಂದ ಕೆರೆದರೆ ಉದುರುತ್ತದೆ. ಮಿರಗದ ಮೊದಲ ಮಳೆ ಇದನ್ನೆಲ್ಲ ತೊಳೆದುಕೊಂಡು ಇಳಿಯುತ್ತದೆ. ಹೀಗಾಗಿ ವರ್ಷದ ಮೊದಲ ಮಳೆಯ ನೀರು ಕೊನೆಯ ಮಳೆಯ ನೀರಿಗಿಂತ ಮೀಟರಿಗೆ ಕೆಟ್ಟದ್ದು.

ಇನ್ನು ನೀರು ಒಳಗೆ ಹೋಗುವ ದಾರಿ. ಮೇಲಿಂದ ಸುರಿದು ಒಳಗೆ ಹೋಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಅದಕ್ಕೇ ಮೀಟರಿನ ಮೇಲೆ ಒಂದು ತಗಡಿನ ತುಂಡು ಹೊಡೆಸಿ ನಿಶ್ಚಿಂತೆಯಾಗಿರುತ್ತೇವೆ. ಸೇಡಂ ರಸ್ತೆಯ ಕಡೆಯ ಒಂದು ಮನೆಯಲ್ಲಿ, ಉತ್ತರಿ ಮಳೆ ಹೊಡೆದ ಮರುದಿನ, ಮನೆಯ ಹಿರಿಯರು ಲೈನ್‌ಮನ್‌ಗೆ ಇದನ್ನೇ ಹೇಳುತ್ತಿದ್ದರು.

"ಮ್ಯಾಲ ಪತ್ರಾ ಹಾಕೀವಲ್ಲಪ್ಪ, ನೀರು ಎಲ್ಲಿಂದ ಬಂತು?"

"ಮ್ಯಾಲಿಂದ ಬಂದಿಲ್ರಿ ಕಾಕಾ. ವೈರ್ ಹಿಡ್ಕೊಂಡು ಬಂದದ. ಇಲ್ಲಿ ನೋಡ್ರಿ ಗುರ್ತು."

ಗುರುತು ಸ್ಪಷ್ಟವಾಗಿತ್ತು. ಕಂಬದಿಂದ ಬಂದ ಸರ್ವಿಸ್ ವೈರ್ ಗೋಡೆ ಗುಂಟ ಇಳಿದು ನೇರವಾಗಿ ಮೀಟರ್ ಪೆಟ್ಟಿಗೆಯ ತೂತಿಗೆ ಹೋಗಿತ್ತು. ಆ ಕಪ್ಪು ವೈರಿನ ತಳಭಾಗದ ಉದ್ದಕ್ಕೂ ಸುಣ್ಣದ ಸಣ್ಣ ಬಿಳಿ ಗೆರೆ. ಗೆರೆ ತೂತಿನ ಒಳಗೇ ಹೋಗಿ ಮಾಯವಾಗಿತ್ತು.

ಇದು ಮೇಲ್ಮೈ ಎಳೆತದ ಆಟ. ವೈರಿನ ಮೇಲೆ ಬಿದ್ದ ಹನಿ ತಕ್ಷಣ ನೆಲಕ್ಕೆ ಬೀಳುವುದಿಲ್ಲ. ಪಕ್ಕಕ್ಕೆ ಜಾರಿ, ವೈರಿನ ತಳಕ್ಕೆ ಅಂಟಿಕೊಂಡು, ಇಳಿಜಾರು ಇದ್ದ ಕಡೆ ಹರಿಯುತ್ತದೆ. ಇಳಿಜಾರು ಮೀಟರಿನ ಕಡೆಗಿದ್ದರೆ ಮೀಟರಿಗೇ ಹೋಗುತ್ತದೆ. ವೈರು ಪೆಟ್ಟಿಗೆಗಿಂತ ಒಂದು ಗೇಣು ಕೆಳಗೆ ಇಳಿದು, ಅಲ್ಲಿ ಬಾಗಿ, ಮತ್ತೆ ಮೇಲೇರಿ ಕೆಳಗಿನ ತೂತಿನಿಂದ ಒಳಹೋದರೆ ಹನಿಗಳು ಆ ಬಾಗಿನ ತಳದಲ್ಲೇ ಉದುರುತ್ತವೆ. ನೀರು ಏರುವುದಿಲ್ಲ ಅಲ್ವಾ, ಅಷ್ಟೇ. ಒಂದೆರಡು ಅಡಿ ವೈರ್ ಹೆಚ್ಚಿಗೆ ಬೇಕಾಗುತ್ತದೆ. ಅದನ್ನು ಉಳಿಸಲು ಹೋಗಿಯೇ ಎಷ್ಟೋ ಮನೆಗಳಲ್ಲಿ ವೈರನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ನೋಡಲು ನೀಟಾಗಿ ಕಾಣುತ್ತದೆ, ಮಳೆಗಾಲಕ್ಕೆ ಕೈಕೊಡುತ್ತದೆ.

ಈ ಬಾಗಿಗೂ ಬಗ್ಗದ ಇನ್ನೊಂದು ದಾರಿ ಇದೆ. ವೈರಿನ ಒಳಗೆ ಹಲವು ಎಳೆಗಳಿದ್ದರೆ ಎಳೆ ಎಳೆಯ ನಡುವೆ ಸಂದಿ ಇರುತ್ತದೆ. ಕಂಬದ ತುದಿಯಲ್ಲಿ ಪ್ಲಾಸ್ಟಿಕ್ ಹೊದಿಕೆ ಸುಲಿದು ಜಾಯಿಂಟ್ ಮಾಡಿದ ಕಡೆ ನೀರು ಆ ಸಂದಿಗೆ ಇಳಿಯುತ್ತದೆ. ಕಂಬದ ತುದಿ ಮೀಟರಿಗಿಂತ ನಾಲ್ಕೈದು ಮೀಟರ್ ಎತ್ತರದಲ್ಲಿ ಇರುತ್ತದೆ. ಹೊದಿಕೆಯೇ ಪೈಪಾಗಿ, ನೀರು ವೈರಿನ ಹೊಟ್ಟೆಯೊಳಗಿಂದ ಸೀದಾ ಮೀಟರಿಗೆ ವೈರ್ ಜೋಡಿಸುವ ಟರ್ಮಿನಲ್‌ಗೆ ಬಂದು ಹನಿಯುತ್ತದೆ. ಹೊರಗೆ ಎಲ್ಲವೂ ಒಣಗಿರುವಾಗ ಒಳಗೆ ಮಾತ್ರ ಒದ್ದೆ. ಇಂಥ ಮೀಟರನ್ನು ಎಷ್ಟು ಸಲ ಬದಲಿಸಿದರೂ ಕಂಬದ ಮೇಲಿನ ಜಾಯಿಂಟ್ ಸರಿ ಮಾಡದಿದ್ದರೆ ಮತ್ತೆ ಅದೇ ಗೋಳು.

ಮೂರನೆಯ ದಾರಿ ನಮ್ಮ ಬಿಸಿಲು ಮಾಡಿಕೊಡುವುದು. ಕಲಬುರಗಿಯಲ್ಲಿ ಮೇ ತಿಂಗಳ ನೆರಳಿನಲ್ಲೇ 42–43 ಡಿಗ್ರಿ ಸಾಮಾನ್ಯ. ಪಡುವಣ ಗೋಡೆಯ ಮೇಲಿನ ಪೆಟ್ಟಿಗೆ ನೇರ ಬಿಸಿಲಿಗೆ 60 ಡಿಗ್ರಿ ಮುಟ್ಟಿತು ಎಂದುಕೊಳ್ಳಿ. ಸಂಜೆ ಗಾಳಿ ಎದ್ದು ಮಳೆ ಬೀಳುತ್ತದೆ. ಹತ್ತು ನಿಮಿಷದಲ್ಲಿ ಪೆಟ್ಟಿಗೆ 25 ಡಿಗ್ರಿಗೆ ಇಳಿಯುತ್ತದೆ. ಒಳಗಿನ ಗಾಳಿ ಕುಗ್ಗುತ್ತದೆ. ಲೆಕ್ಕ ಹಾಕಿದರೆ ಕುಗ್ಗುವುದು ನೂರಕ್ಕೆ ಹತ್ತು ಪಾಲು. ಒಂದು ಲೀಟರ್ ಗಾಳಿ ಇರುವ ಪೆಟ್ಟಿಗೆ ಹೊರಗಿನಿಂದ ಸುಮಾರು 100 ಮಿಲಿಲೀಟರ್ ಗಾಳಿಯನ್ನು ಒಳಗೆ ಎಳೆದುಕೊಳ್ಳಬೇಕು. ಆ ಹೊತ್ತಿಗೆ ಸಂದಿಯ ಬಾಯಲ್ಲಿ ನೀರು ನಿಂತಿದ್ದರೆ? ಗಾಳಿಯ ಬದಲು ನೀರನ್ನೇ ಎಳೆದುಕೊಳ್ಳುತ್ತದೆ. ಪೂರ್ತಿ ಬಿಗಿಯಾದ ಪೆಟ್ಟಿಗೆಯಲ್ಲಿ ಈ ಎಳೆತ ಒಂದು ಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತುವಷ್ಟು ಇರುತ್ತದೆ. ಸಂದಿಯನ್ನೆಲ್ಲ ಎಂ-ಸೀಲ್ ಹಚ್ಚಿ ಮುಚ್ಚಿ ಒಂದೇ ಒಂದು ಕೂದಲೆಳೆಯ ಬಿರುಕು ಉಳಿಸಿದರೆ ಆಗುವ ಫಜೀತಿ ಇದು. ಅದಕ್ಕಿಂತ ಪೆಟ್ಟಿಗೆಯ ತಳದಲ್ಲಿ ಗಾಳಿಯಾಡಲು, ನೀರು ಇಳಿಯಲು ಒಂದು ಸಣ್ಣ ತೂತು ಇರುವುದೇ ಮೇಲು. ಇದು ಹೊರಗಿನ ಪೆಟ್ಟಿಗೆಯ ಮಾತು. ಮೀಟರಿಗೆ ಯಾರೂ ತೂತು ಕೊರೆಯಬಾರದು.

ಬೆಳಿಗ್ಗೆ ಮೀಟರಿನ ಗಾಜಿನ ಒಳಮೈ ಮಂಜು ಮಂಜಾಗಿದ್ದರೆ ಅದು ಮಳೆ ನೀರಲ್ಲ, ತೇವದ ಗಾಳಿ ತಣ್ಣಗಾಗಿ ಬಿಟ್ಟ ನೀರು. 30 ಡಿಗ್ರಿಯ ಗಾಳಿ ಘನ ಮೀಟರಿಗೆ ಸುಮಾರು 30 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು, 20 ಡಿಗ್ರಿಯದ್ದು 17 ಗ್ರಾಂ ಮಾತ್ರ. ಒಂದು ಲೀಟರಿಗೆ ಲೆಕ್ಕ ಹಾಕಿದರೆ ಒಂದು ರಾತ್ರಿಗೆ ಸಿಗುವುದು ಕಾಲು ಹನಿ. ಕಾಲು ಹನಿಯಿಂದ ಏನೂ ಆಗುವುದಿಲ್ಲ, ಆದರೆ ಮೀಟರಿನ ಬಿಗಿತ ಹೋಗಿದೆ ಎಂಬ ಸುದ್ದಿ ಅದರಲ್ಲಿದೆ.

ಮೀಟರ್ ಮಾಡುವವರಿಗೆ ಇದೆಲ್ಲ ಗೊತ್ತಿಲ್ಲ ಎಂದಲ್ಲ. ಒಳಾಂಗಣದ ಮೀಟರುಗಳಿಗೆ ಐಪಿ 51 ಎಂಬ ಮಟ್ಟ ಇದೆ, ಹೊರಾಂಗಣಕ್ಕೆ ಐಪಿ 54. ಮೊದಲ ಅಂಕಿ ಧೂಳಿನದ್ದು, ಎರಡನೆಯದು ನೀರಿನದ್ದು. 1 ಎಂದರೆ ನೆಟ್ಟಗೆ ಮೇಲಿಂದ ಬೀಳುವ ಹನಿ ತಡೆಯುತ್ತದೆ. 4 ಎಂದರೆ ಯಾವ ಕಡೆಯಿಂದ ಎರಚಿದರೂ ತಡೆಯುತ್ತದೆ. ಒಳಾಂಗಣದ ಮೀಟರನ್ನು ತಂದು ಬಯಲು ಗೋಡೆಗೆ ಹಾಕಿದರೆ, ಗಾಳಿ ಸಮೇತ ಅಡ್ಡಡ್ಡ ಹೊಡೆಯುವ ಮಳೆಗೆ ಅದು ಏನು ಮಾಡೀತು?

ಈಗ ಚಟಚಟ ಸದ್ದಿಗೆ ಬರೋಣ. ಮೀಟರಿನ ಕೆಳಗೆ ನಾಲ್ಕು ಟರ್ಮಿನಲ್. ಫೇಸ್ ಬರುವುದು, ಹೋಗುವುದು, ನ್ಯೂಟ್ರಲ್ ಬರುವುದು, ಹೋಗುವುದು. ಫೇಸಿಗೂ ನ್ಯೂಟ್ರಲಿಗೂ ನಡುವೆ ಬರೀ ಪ್ಲಾಸ್ಟಿಕ್ ಗೋಡೆ, ಅವುಗಳ ನಡುವೆ 230 ವೋಲ್ಟ್. ಆ ಪ್ಲಾಸ್ಟಿಕ್ ಮೇಲೆ ಸುಣ್ಣ ಕರಗಿದ ನೀರಿನ ಪದರ ಹರಡಿತು ಎನ್ನಿ. ಪದರದ ಅಡ್ಡಿ 23,000 ಓಮ್ ಇದ್ದರೆ ಅದರಲ್ಲಿ 10 ಮಿಲಿ ಆಂಪಿಯರ್ ಹರಿಯುತ್ತದೆ. ಶಾಖ ಎರಡೂಕಾಲು ವ್ಯಾಟ್. ಪದರ ಪೂರ್ತಿ ಒದ್ದೆಯಾಗಿರುವಾಗ ಈ ಶಾಖ ಎಲ್ಲ ಕಡೆ ಹಂಚಿಹೋಗುತ್ತದೆ. ಮಳೆ ಬರುವಾಗ ಮೀಟರ್ ಸುಮ್ಮನಿರುವುದು ಇದಕ್ಕೇ.

ಮಳೆ ನಿಂತ ಮೇಲೆ ಪದರ ಒಣಗತೊಡಗುತ್ತದೆ. ಎಲ್ಲ ಕಡೆ ಒಂದೇ ಸಮ ಒಣಗುವುದಿಲ್ಲ. ಎಲ್ಲಿ ಪದರ ತೆಳುವೋ ಅಲ್ಲಿ ಬಿಸಿ ಜಾಸ್ತಿ, ಅಲ್ಲೇ ಮೊದಲು ಒಣಗುತ್ತದೆ. ಕೂದಲೆಳೆ ಅಗಲದ ಒಂದು ಒಣ ಗೆರೆ ಮೂಡುತ್ತದೆ. ಆಚೆಯೂ ಒದ್ದೆ, ಈಚೆಯೂ ಒದ್ದೆ. ಹೆಚ್ಚೂಕಡಿಮೆ 230 ವೋಲ್ಟೂ ಆ ಒಂದು ಗೆರೆಯ ಮೇಲೆ ಬಂದು ಕೂರುತ್ತದೆ. ಗೆರೆ ದಾಟಿ ಕಿಡಿ ಹಾರುತ್ತದೆ. ಚಟ್. ಅಕ್ಕಪಕ್ಕದ ನೀರು ಹರಿದು ಬಂದು ಗೆರೆಯನ್ನು ಮತ್ತೆ ತೋಯಿಸುತ್ತದೆ, ಮತ್ತೆ ಒಣಗುತ್ತದೆ, ಮತ್ತೆ ಚಟ್. ಪ್ರತಿ ಕಿಡಿಯೂ ಕೆಳಗಿನ ಪ್ಲಾಸ್ಟಿಕನ್ನು ಚೂರು ಸುಡುತ್ತದೆ. ಸುಟ್ಟ ಜಾಗದಲ್ಲಿ ಇಂಗಾಲ ಉಳಿಯುತ್ತದೆ. ಇಂಗಾಲದಲ್ಲಿ ಕರೆಂಟ್ ಹರಿಯುತ್ತದೆ. ಚುಕ್ಕೆ ಚುಕ್ಕೆ ಸೇರಿ ಫೇಸಿನಿಂದ ನ್ಯೂಟ್ರಲ್ ತನಕ ಕಪ್ಪು ಜಾಡು ಬಿದ್ದರೆ ಆಮೇಲೆ ನೀರೇ ಬೇಕಿಲ್ಲ. ಒಣ ಹವೆಯಲ್ಲೂ ಅದು ಉರಿಯುತ್ತದೆ. "ಒಣಗಿದ ಮೇಲೆ ಸರಿಹೋಗುತ್ತದೆ ಬಿಡಿ" ಎನ್ನುವ ಮಾತನ್ನು ನಾನು ಒಪ್ಪದೇ ಇರುವುದು ಇದಕ್ಕಾಗಿ.

ಪ್ಲಾಸ್ಟಿಕ್ ಇದನ್ನು ಎಷ್ಟು ತಾಳುತ್ತದೆ ಎಂದು ನೋಡಲು ಲ್ಯಾಬಿನಲ್ಲಿ ಒಂದು ಸ್ವಾರಸ್ಯದ ಪರೀಕ್ಷೆ ಇದೆ. ಪ್ಲಾಸ್ಟಿಕ್ ತುಂಡಿನ ಮೇಲೆ 4 ಮಿಲಿಮೀಟರ್ ಅಂತರದಲ್ಲಿ ಎರಡು ಪ್ಲಾಟಿನಂ ತುದಿ ಇಟ್ಟು, ನಡುವೆ 30 ಸೆಕೆಂಡಿಗೊಂದು ಹನಿಯಂತೆ 50 ಹನಿ ಬಿಡುತ್ತಾರೆ. ಹನಿ ಶುದ್ಧ ನೀರಿನದ್ದಲ್ಲ, ಅದರಲ್ಲಿ ನೂರಕ್ಕೆ 0.1 ಪಾಲು ಅಮೋನಿಯಂ ಕ್ಲೋರೈಡ್ ಉಪ್ಪು ಇರುತ್ತದೆ. ಎಷ್ಟು ವೋಲ್ಟ್‌ವರೆಗೆ ಜಾಡು ಬೀಳದೆ 50 ಹನಿ ತಾಳಿತೋ ಅದೇ ಆ ಪ್ಲಾಸ್ಟಿಕ್‌ನ ಅಂಕ. ಶಹಾಬಾದ್ ಗೋಡೆಯ ಮೇಲಿನ ಮೀಟರಿಗೆ ಈ ಪರೀಕ್ಷೆ ಪ್ರತಿ ಮಳೆಗಾಲವೂ ಪುಕ್ಕಟೆಯಾಗಿ ನಡೆಯುತ್ತದೆ.

ಟರ್ಮಿನಲ್‌ನಲ್ಲಿ ಇನ್ನೂ ಒಂದು ನಿಧಾನದ ಕೇಡು ನಡೆದಿರುತ್ತದೆ. ಸರ್ವಿಸ್ ವೈರ್ ಬಹಳ ಕಡೆ ಅಲ್ಯೂಮಿನಿಯಂ, ಟರ್ಮಿನಲ್ ಹಿತ್ತಾಳೆ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಬಂದರೆ ಅದು ಪುಟ್ಟ ಬ್ಯಾಟರಿ. ಸವೆಯುವುದು ಅಲ್ಯೂಮಿನಿಯಂ. ಬಿಳಿ ಪುಡಿ ಏಳುತ್ತದೆ, ಸ್ಕ್ರೂ ಹಿಡಿತ ಸಡಿಲವಾಗುತ್ತದೆ. ಆ ಜಾಗದ ಅಡ್ಡಿ 0.05 ಓಮ್‌ಗೆ ಏರಿತು ಎನ್ನಿ. ಗೀಸರ್, ಪಂಪ್ ಒಟ್ಟಿಗೆ ಹಾಕಿ 20 ಆಂಪಿಯರ್ ಎಳೆದರೆ ಅಲ್ಲಿ 20 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಸೋಲ್ಡರಿಂಗ್ ಐರನ್ ಹೆಚ್ಚೂಕಡಿಮೆ ಇಷ್ಟೇ ವ್ಯಾಟಿನದ್ದು. ಅದನ್ನು ಪ್ಲಾಸ್ಟಿಕ್ ತೂತಿನೊಳಗೆ ಗಂಟೆಗಟ್ಟಲೆ ಚುಚ್ಚಿಟ್ಟ ಹಾಗೆ.

ಒಳಗಿನ ಸರ್ಕ್ಯೂಟ್ ಕಥೆ ಬೇರೆ. ಹಳೇ ಚಕ್ರದ ಮೀಟರ್ ನೆನಪಿದೆಯಾ? 1889ರಲ್ಲಿ ಹಂಗೇರಿಯ ಓಟೊ ಬ್ಲಾಥಿ ರೂಪಿಸಿದ ಮಾದರಿಯಿಂದ ಬೆಳೆದು ಬಂದದ್ದು ಅದು. ಒಳಗೆ ಸುರುಳಿ, ಅಯಸ್ಕಾಂತ, ತಿರುಗುವ ಅಲ್ಯೂಮಿನಿಯಂ ತಟ್ಟೆ. ನೀರು ಹೋದರೆ ತುಕ್ಕು ಹಿಡಿದು ತಟ್ಟೆ ನಿಧಾನವಾಗುತ್ತಿತ್ತು, ಇಲ್ಲ ನಿಂತೇ ಹೋಗುತ್ತಿತ್ತು. ಈಗಿನ ಎಲೆಕ್ಟ್ರಾನಿಕ್ ಮೀಟರ್ ಬಹಳ ನಾಜೂಕು. ಕೂದಲಿನಷ್ಟು ಅಂತರದ ತಾಮ್ರದ ಗೆರೆಗಳ ನಡುವೆ ತೇವ ಸೇರಿದರೆ ಮೂರ್ನಾಲ್ಕು ವೋಲ್ಟೇ ಸಾಕು. ಲೋಹ ಅಯಾನುಗಳಾಗಿ ಕರಗಿ, ಆಚೆ ಗೆರೆಗೆ ಹೋಗಿ, ಕೊಂಬೆ ಕೊಂಬೆಯಾಗಿ ಬೆಳೆದು ಎರಡನ್ನೂ ಕೂಡಿಸಿಬಿಡುತ್ತದೆ. ಡಿಸ್‌ಪ್ಲೇಯಲ್ಲಿ ಗೆರೆಗಳು ಹಾರಿಹೋಗಿ 8 ಇದ್ದದ್ದು 6 ಎಂದೋ 9 ಎಂದೋ ಕಾಣುವುದಕ್ಕೂ ಅದರ ಕನೆಕ್ಷನ್‌ಗೆ ತೇವ ತಗಲಿರುವುದು ಕಾರಣ ಆಗಿರಬಹುದು. ಒಳಗಿನ ಚಿಪ್ ನಾಲ್ಕೈದು ವೋಲ್ಟಿನಲ್ಲಿ ಕೆಲಸ ಮಾಡಿದರೂ ಅನೇಕ ಮೀಟರುಗಳಲ್ಲಿ ಇಡೀ ಸರ್ಕ್ಯೂಟ್ ನೇರವಾಗಿ ಲೈನಿಗೇ ಜೋಡಿಸಿರುತ್ತದೆ. ಹಾಗಾಗಿ ಅದರ ಯಾವ ಭಾಗ ಮುಟ್ಟಿದರೂ 230 ವೋಲ್ಟಿನ ಶಾಕ್ ಹೊಡೆದೀತು. ಮೀಟರಿನಿಂದ ಮಾಹಿತಿ ತೆಗೆಯಲು ವೈರ್ ಚುಚ್ಚದೆ ಇನ್‌ಫ್ರಾರೆಡ್ ಬೆಳಕಿನ ಕಿಂಡಿ ಇಟ್ಟಿರುವುದಕ್ಕೆ ಇದೂ ಒಂದು ಕಾರಣ.

ನೀರು ಹೋದರೆ ಬಿಲ್ ಏರುತ್ತದಾ ಎಂದು ಕೇಳುವವರು ಬಹಳ. ಮೇಲೆ ಹೇಳಿದ 10 ಮಿಲಿ ಆಂಪಿಯರ್ ಸೋರಿಕೆ ಒಳಬರುವ ಟರ್ಮಿನಲ್‌ನಲ್ಲಿ ಆದರೆ ಅಳತೆಗೆ ಸಿಗುವುದೇ ಇಲ್ಲ. ಹೊರಹೋಗುವ ಕಡೆ ಆದರೂ, ತಿಂಗಳಿಡೀ ಬಿಡದೆ ಸೋರಿದರೂ, ಎರಡು ಯೂನಿಟ್ ದಾಟುವುದಿಲ್ಲ. ಹೆದರಬೇಕಾದ್ದು ಬಿಲ್ಲಿಗೆ ಅಲ್ಲ, ಬೆಂಕಿಗೆ ಮತ್ತು ಶಾಕಿಗೆ.

ನಮ್ಮ ಮನೆಯಲ್ಲಿ ಲೋಡ್ ಮೀರಿದರೆ ಬೀಳುವ ಎಂಸಿಬಿ ಇದೆ, 30 ಮಿಲಿ ಆಂಪಿಯರ್ ಸೋರಿದರೆ ಬೀಳುವ ಆರ್‌ಸಿಸಿಬಿಯೂ ಇದೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಅವೆರಡೂ ಮೀಟರ್ ದಾಟಿದ ಮೇಲೆ ಬರುತ್ತವೆ. ಮೀಟರಿನೊಳಗೆ ಆಗುವುದು ಅವಕ್ಕೆ ಕಾಣುವುದೇ ಇಲ್ಲ. ಮೀಟರಿನ ಹಿಂದೆ ಇರುವುದು ಕಂಬದ ಕಡೆಯ ಫ್ಯೂಸ್ ಮಾತ್ರ, ಹತ್ತಿಪ್ಪತ್ತು ಮಿಲಿ ಆಂಪಿಯರಿಗೆ ಅದು ಜಗ್ಗುವುದಿಲ್ಲ. ಹೀಗಾಗಿ ಸದ್ದು ಕೇಳಿದರೆ, ವಾಸನೆ ಬಂದರೆ, ಪೆಟ್ಟಿಗೆ ಅಥವಾ ಒದ್ದೆ ಗೋಡೆ ಜುಮ್ ಎಂದರೆ, ದೂರ ನಿಂತು ಕರೆಂಟ್ ದೂರಿನ ಸಹಾಯವಾಣಿ 1912ಕ್ಕೆ ಫೋನ್ ಮಾಡಬೇಕು. ಮೇನ್ ಸ್ವಿಚ್ ಒಳಗೆ ಒಣ ಜಾಗದಲ್ಲಿದ್ದರೆ ಅದನ್ನು ಆಫ್ ಮಾಡಬಹುದು. ಲೋಡ್ ತಪ್ಪುತ್ತದೆ, ಆದರೆ ಮೀಟರಿಗೆ ಕರೆಂಟ್ ಬರುತ್ತಲೇ ಇರುತ್ತದೆ. ಸೀಲ್ ಒಡೆದು ಒರೆಸಲು ಹೋಗುವುದು ಜೀವಕ್ಕೂ ಅಪಾಯ, ಕಾನೂನಿನಲ್ಲೂ ತೊಂದರೆ. ಇನ್ನು ಪ್ಲಾಸ್ಟಿಕ್ ಚೀಲ ಕಟ್ಟುವ ಅಭ್ಯಾಸ. ಬೀದರಿನಿಂದ ಯಾದಗಿರಿಯವರೆಗೆ ಇದನ್ನು ನೋಡಬಹುದು. ಚೀಲದೊಳಗೆ ತೇವ ಸಿಕ್ಕಿಕೊಂಡು ಒಣಗುವುದೇ ಇಲ್ಲ. ಅದರ ಬದಲು ಮುಂಗಾರಿಗೆ ಮೊದಲೇ ಲೈನ್‌ಮನ್‌ಗೆ ಹೇಳಿ ವೈರ್ ಕೆಳಗಿನಿಂದ ಬಾಗಿ ಬರುವಂತೆ ಮಾಡಿಸುವುದು, ಓರೆಯಾಗಿ ಮುಂದೆ ಚಾಚಿದ ತಗಡು ಹಾಕಿಸುವುದು ಒಳ್ಳೆಯದು.

ಕೆಟ್ಟ ಮೀಟರಿನ ಹಳೇ ರೀಡಿಂಗ್ ಸಾಮಾನ್ಯವಾಗಿ ಅಳಿಸಿ ಹೋಗುವುದಿಲ್ಲ. ಕರೆಂಟ್ ಇಲ್ಲದಿದ್ದರೂ ನೆನಪಿಟ್ಟುಕೊಳ್ಳುವ ಚಿಪ್ಪಿನಲ್ಲಿ ಅದು ಇರುತ್ತದೆ. ಚಿಪ್ಪೇ ತುಕ್ಕು ಹಿಡಿದರೆ ಹಿಂದಿನ ತಿಂಗಳುಗಳ ಸರಾಸರಿಯ ಮೇಲೆ ಬಿಲ್ ಬರುತ್ತದೆ, ಆಗ ವಾದಕ್ಕೆ ನಮ್ಮ ಬಳಿ ಏನಾದರೂ ಇರಬೇಕು. ಗೃಹಜ್ಯೋತಿ ಯೋಜನೆ 2023ರ ಆಗಸ್ಟ್ 5ರಂದು ಕಲಬುರಗಿಯಲ್ಲೇ ಶುರುವಾಯಿತು. ಸೊನ್ನೆ ಬಿಲ್ ಬರತೊಡಗಿದ ಮೇಲೆ ಮೀಟರಿನ ಕಡೆ ಕಣ್ಣು ಹಾಯಿಸುವವರೇ ಕಡಿಮೆಯಾಗಿದ್ದಾರೆ ಎಂಬುದು ನನ್ನ ಅನಿಸಿಕೆ. ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟರೆ ಸಾಕು. ಅಂಕಿಯ ಜೊತೆಗೆ ಕೆಳಗಿನ ಟರ್ಮಿನಲ್ ಮುಚ್ಚಳವೂ ಫೋಟೊದಲ್ಲಿ ಬರಲಿ. ಮುಚ್ಚಳ ಹಳದಿಗೆ ತಿರುಗಿದೆಯೇ, ವೈರಿನ ತಳದಲ್ಲಿ ಬಿಳಿ ಗೆರೆ ಮೂಡಿದೆಯೇ ಎಂದು ಎರಡು ಫೋಟೊ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ.