ಎಷ್ಟನೇ ಸ್ಟೇಜ್ ಅಂತ ಮಾತ್ರ ಕೇಳಿದರೆ ಸಾಲದು

ದಾವಣಗೆರೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದರೆ ನೋಡಲು ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ. "ಎಷ್ಟನೇ ಸ್ಟೇಜ್ ಐತಂತೆ?" ಎರಡು ಅಂದರೆ ಸ್ವಲ್ಪ ಧೈರ್ಯ ಹೇಳುತ್ತಾರೆ. ನಾಲ್ಕು ಅಂದರೆ ಮಾತು ಬದಲಿಸಿ ಕಾಫಿ ಕುಡಿದು ಹೊರಡುತ್ತಾರೆ. ಶ್ವಾಸಕೋಶದ ಕ್ಯಾನ್ಸರ್ ವಿಷಯದಲ್ಲಿ ಇದು ಅರ್ಧ ಪ್ರಶ್ನೆ ಅಷ್ಟೇ. ಉಳಿದ ಅರ್ಧವನ್ನು ಮನೆಯವರು ಕೇಳುವುದೇ ಅಪರೂಪ: ಇದು ಯಾವ ಬಗೆಯ ಗಡ್ಡೆ, ಇದರ ಜೀನ್ ಟೆಸ್ಟ್ ಆಗಿದೆಯಾ? ನಾಲ್ಕನೇ ಸ್ಟೇಜಿನ ಇಬ್ಬರು ಅಕ್ಕಪಕ್ಕದ ಮಂಚದಲ್ಲೇ ಮಲಗಿರಬಹುದು. ಒಬ್ಬರನ್ನು ದಿನಕ್ಕೊಂದು ಮಾತ್ರೆ ಎಬ್ಬಿಸಿ ಮನೆಗೆ ಕಳಿಸುತ್ತದೆ. ಅದೇ ಮಾತ್ರೆ ಇನ್ನೊಬ್ಬರಿಗೆ ಕೊಟ್ಟರೆ ದುಡ್ಡೂ ದಂಡ, ಸಮಯವೂ ದಂಡ.

ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಎರಡು ದೊಡ್ಡ ಗುಂಪುಗಳಿವೆ. ಸೂಕ್ಷ್ಮದರ್ಶಕದ ಕೆಳಗೆ ಚಿಕ್ಕ ಚಿಕ್ಕ ಕೋಶಗಳು ಒತ್ತೊತ್ತಾಗಿ ಕಂಡರೆ ಅದು ಸ್ಮಾಲ್ ಸೆಲ್. ಬಹಳ ಬೇಗ ಹರಡುವ ಜಾತಿ. ಉಳಿದದ್ದೆಲ್ಲ ನಾನ್-ಸ್ಮಾಲ್ ಸೆಲ್. ನೂರು ರೋಗಿಗಳಲ್ಲಿ ಸುಮಾರು 85 ಮಂದಿಗೆ ಇರುವುದು ಇದೇ. ಇದರೊಳಗೆ ಮತ್ತೆ ಅಡಿನೋಕಾರ್ಸಿನೋಮಾ, ಸ್ಕ್ವಾಮಸ್, ಲಾರ್ಜ್ ಸೆಲ್ ಅಂತ ಬಗೆಗಳು. ಅಡಿನೋ ಹೆಚ್ಚಾಗಿ ಶ್ವಾಸಕೋಶದ ಅಂಚಿನ ಕಡೆ ಬೆಳೆಯುತ್ತದೆ, ಸ್ಕ್ವಾಮಸ್ ದೊಡ್ಡ ಶ್ವಾಸನಾಳಗಳ ಹತ್ತಿರ. ಬೀಡಿ ಮುಟ್ಟದವರಲ್ಲಿ ಕಾಣಿಸುವುದು ಬಹುಪಾಲು ಅಡಿನೋ.

"ಬೀಡಿ ಸೇದಿದವರಲ್ಲ, ಹೆಂಗೆ ಬಂತು?" ಇದು ಎರಡನೇ ಪ್ರಶ್ನೆ. ತಂಬಾಕೇ ಇವತ್ತಿಗೂ ದೊಡ್ಡ ಕಾರಣ, ಅದರಲ್ಲಿ ಅನುಮಾನ ಬೇಡ. ಆದರೆ ನಮ್ಮ ದೇಶದ ರೋಗಿಗಳಲ್ಲಿ ಒಂದು ದಮ್ಮೂ ಎಳೆಯದವರು ಕಡಿಮೆ ಇಲ್ಲ, ಅದರಲ್ಲೂ ಹೆಂಗಸರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು, 2013ರಲ್ಲಿ ಹೊರಗಿನ ಗಾಳಿಯ ಮಾಲಿನ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು. ಕಲ್ಲು ಒಡೆಯುವಾಗ, ಗಣಿಯಲ್ಲಿ ಏಳುವ ಸಿಲಿಕಾ ಧೂಳು ಅದಕ್ಕೂ ಮೊದಲೇ ಆ ಪಟ್ಟಿಯಲ್ಲಿತ್ತು. ಭೀಮಸಮುದ್ರದ ಕಡೆ ಅದಿರು ಲಾರಿಗಳ ಹಿಂದೆ ಬೈಕ್ ಓಡಿಸಿದವರಿಗೆ ಧೂಳು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ಕಡೆಯ ಹೆಸರಿದೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಮತ್ತೆ ನಮ್ಮ ದಾವಣಗೆರೆ. ಇನ್ನು ಸೌದೆ ಒಲೆ ಮುಂದೆ ಮೂವತ್ತು ನಲವತ್ತು ವರ್ಷ ಊದುಗೊಳವೆ ಹಿಡಿದು ಕೂತ ಅಮ್ಮಂದಿರ ಲೆಕ್ಕ ಬೇರೆ. ಇಂಥವರಿಗೆ ಇದರಿಂದಲೇ ಬಂತು ಅಂತ ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಆದರೆ "ಅವರು ಸೇದಲ್ವಲ್ಲ, ಕ್ಯಾನ್ಸರ್ ಇರಲಾರದು" ಅಂತ ಸುಮ್ನೆ ಕೂರುವುದು ತಪ್ಪು.

ತಡ ಆಗುವುದು ಎಲ್ಲಿ ಗೊತ್ತಾ? ಹೆಚ್ಚಾಗಿ ಟಿಬಿ ಹೆಸರಲ್ಲಿ. ಎರಡಕ್ಕೂ ಕೆಮ್ಮು, ಎರಡಕ್ಕೂ ತೂಕ ಇಳಿತ, ಎರಡರಲ್ಲೂ ಕಫದಲ್ಲಿ ರಕ್ತ. ಎಕ್ಸ್‌ರೇಯಲ್ಲಿ ಎರಡೂ ಬೆಳ್ಳಗೆ ಕಾಣುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಮಾತು ಎಕ್ಸ್‌ರೇ ಫಿಲ್ಮಿಗೂ ಸರಿಯಾಗಿ ಹೊಂದುತ್ತದೆ. ಟಿಬಿ ನಮ್ಮಲ್ಲಿ ಜಾಸ್ತಿ, ಹಾಗಾಗಿ ವೈದ್ಯರು ಮೊದಲು ಅದನ್ನೇ ಯೋಚಿಸುವುದು ಸಹಜ. ತೊಂದರೆ ಇರುವುದು ಕಫದಲ್ಲಿ ಕ್ರಿಮಿ ಸಿಗದೇ ಇದ್ದರೂ ಅಂದಾಜಿನ ಮೇಲೆ ಮಾತ್ರೆ ಶುರು ಮಾಡಿ, ಆರು ತಿಂಗಳ ಕೋರ್ಸ್ ಮುಗಿಯಲಿ ಅಂತ ಕಾಯುವುದರಲ್ಲಿ. ನನಗೆ ಗೊತ್ತಿರುವ ಜಗಳೂರು ಕಡೆಯ ಒಬ್ಬ ತಾಯಿಗೆ ಹೀಗೇ ಆಯಿತು. ಮಾತ್ರೆ ಮುಗಿಯುವ ಹೊತ್ತಿಗೆ ದನಿ ಒಡೆದಿತ್ತು, ಎದೆಯಲ್ಲಿ ನೀರು ತುಂಬಿತ್ತು. ದನಿ ಗೊಗ್ಗರಾಗುವುದು ಗಂಟಲ ತೊಂದರೆ ಅಂತ ಜನ ಜೇನುತುಪ್ಪ ನೆಕ್ಕಿಸುತ್ತಾರೆ. ನಿಜದಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ಎಡಗಡೆಯ ನರ ಎದೆಯೊಳಗೆ ಇಳಿದು, ಮಹಾಪಧಮನಿಯನ್ನು ಸುತ್ತಿಕೊಂಡು ಮತ್ತೆ ಮೇಲೆ ಬರುತ್ತದೆ. ಅಲ್ಲಿ ಗಡ್ಡೆ ಒತ್ತಿದರೆ ದನಿ ಕೆಡುತ್ತದೆ. ಕಫದ ಸಿಬಿನ್ಯಾಟ್ ಪರೀಕ್ಷೆಯಲ್ಲಿ ಟಿಬಿ ಸಿಗಲಿಲ್ಲ, ಒಂದೆರಡು ತಿಂಗಳ ಮಾತ್ರೆಗೆ ತೂಕ ಹೆಚ್ಚಲಿಲ್ಲ ಅಂದರೆ ಸಿ.ಟಿ. ಸ್ಕ್ಯಾನ್ ಮಾಡಿಸೋಣವೇ ಅಂತ ನಾವೇ ಬಾಯಿಬಿಟ್ಟು ಕೇಳಬೇಕು.

ಸಿ.ಟಿ.ಯಲ್ಲಿ ಗಡ್ಡೆ ಕಂಡ ಮೇಲೆ ಬಯಾಪ್ಸಿ, ಅಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡುವುದು. ಇಲ್ಲಿ ಇನ್ನೊಂದು ತಡೆ. "ಸೂಜಿ ಚುಚ್ಚಿದ್ರೆ ಹರಡುತ್ತೆ, ಬ್ಯಾಡ." ಈ ಮಾತು ಹಳ್ಳಿಯಲ್ಲೂ ಇದೆ, ಡಿಗ್ರಿ ಓದಿದವರ ಮನೆಯಲ್ಲೂ ಇದೆ. ನಂಬಿಕೆ ಹುಟ್ಟಿದ್ದು ಹೇಗೆ ಅಂತ ಊಹಿಸಬಹುದು: ಬಯಾಪ್ಸಿ ಆಗುವ ಹೊತ್ತಿಗೆ ನಮ್ಮಲ್ಲಿ ಬಹಳ ಜನಕ್ಕೆ ಕಾಯಿಲೆ ಆಗಲೇ ಹರಡಿರುತ್ತದೆ. ತಿಂಗಳೊಪ್ಪತ್ತಿನಲ್ಲಿ ರೋಗಿ ಇಳಿದುಹೋದರೆ ಅಪವಾದ ಸೂಜಿಯ ತಲೆಗೆ. ಶ್ವಾಸಕೋಶದ ಬಯಾಪ್ಸಿಯಲ್ಲಿ ಸೂಜಿಯ ದಾರಿಯಗುಂಟ ಕ್ಯಾನ್ಸರ್ ಬೆಳೆಯುವುದು ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ. ನಿಜವಾದ ತೊಂದರೆ ಬೇರೆ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಸಿ.ಟಿ. ನೋಡಿಕೊಂಡು ಎದೆಗೆ ಸೂಜಿ ಹಾಕಿದಾಗ ಐವರಲ್ಲಿ ಒಬ್ಬರಿಗೆ ಆಸುಪಾಸು ಶ್ವಾಸಕೋಶದಿಂದ ಸ್ವಲ್ಪ ಗಾಳಿ ಸೋರಬಹುದು. ಬಹುಪಾಲು ತಾನೇ ಸರಿಹೋಗುತ್ತದೆ, ಕೆಲವರಿಗೆ ಟ್ಯೂಬ್ ಹಾಕಬೇಕಾಗುತ್ತದೆ.

ತೆಗೆದ ತುಣುಕನ್ನು ಒಮ್ಮೆ ನೋಡಬೇಕು ನೀವು. ಶಾವಿಗೆ ಎಳೆಯಷ್ಟು ದಪ್ಪ, ಉದ್ದ ಒಂದೂವರೆ ಸೆಂಟಿಮೀಟರ್ ಇದ್ದರೆ ಹೆಚ್ಚು. ಅದನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಆಮೇಲೆ ಮೇಣದಲ್ಲಿ ಹುದುಗಿಸಿ, ಚಿಕ್ಕ ಪ್ಲಾಸ್ಟಿಕ್ ಚೌಕಟ್ಟಿಗೆ ಕೂರಿಸುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಬೆಳ್ಳನೆಯ ಮೇಣದ ನಡುವೆ ಕಂದು ಬಣ್ಣದ ಒಂದು ಗೀರು, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ನಂಬರ್. ಆಸ್ಪತ್ರೆಯವರು ಇದನ್ನೇ "ಬ್ಲಾಕ್" ಅನ್ನುವುದು. ಜೀನ್ ಪರೀಕ್ಷೆಗೆ ಇದೇ ಬೇಕು. ಬೆಂಗಳೂರಿನ ಕಿದ್ವಾಯಿಗೋ ಬೇರೆ ಆಸ್ಪತ್ರೆಗೋ ಎರಡನೇ ಅಭಿಪ್ರಾಯಕ್ಕೆ ಹೊರಟವರು ಸ್ಕ್ಯಾನ್ ಫಿಲ್ಮು, ಆಯುಷ್ಮಾನ್ ಕಾರ್ಡು, ಬಟ್ಟೆಬರೆ ಎಲ್ಲ ತುಂಬಿಕೊಂಡು ಈ ಬ್ಲಾಕ್ ಒಂದನ್ನು ಲ್ಯಾಬಲ್ಲೇ ಬಿಟ್ಟು ಹೋಗುತ್ತಾರೆ. ಅಲ್ಲಿ ಹೋಗಿ ಎರಡು ದಿನ ಕಾದು ಮತ್ತೆ ವಾಪಸ್. ಕೇಳಿ ಪಡೆದು, ಜೋಪಾನವಾಗಿ ಒಯ್ಯಬೇಕು. ಮೇಣ 56 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡುವ ವಸ್ತು ಅದಲ್ಲ.

ಇಷ್ಟಕ್ಕೂ ಆ ಗೀರಿನಲ್ಲಿ ಹುಡುಕುವುದು ಏನನ್ನು? ನಮ್ಮ ಕೋಶಗಳ ಮೇಲೆ ಇಜಿಎಫ್‌ಆರ್ ಅನ್ನುವ ಪ್ರೋಟೀನ್ ಇದೆ. ಹೊರಗಿನಿಂದ ಸೂಚನೆ ಬಂದಾಗ ಮಾತ್ರ ಅದು "ಬೆಳೆ, ಎರಡಾಗು" ಅಂತ ಒಳಗೆ ಹೇಳಬೇಕು. ಅದರ ಜೀನ್‌ನಲ್ಲಿ ಒಂದು ಚಿಕ್ಕ ತಪ್ಪಾದರೆ ಸೂಚನೆ ಇಲ್ಲದೆಯೂ ಹೇಳುತ್ತಲೇ ಇರುತ್ತದೆ. ಹೊಲದ ಬೋರ್‌ವೆಲ್ ಸ್ಟಾರ್ಟರ್‌ನ ಬಟನ್ ಒಳಗೇ ಸಿಕ್ಕಿಕೊಂಡು ಮೋಟರ್ ನಿಲ್ಲದೆ ಓಡುವ ಹಾಗೆ. ಜೆಫಿಟಿನಿಬ್, ಎರ್ಲೋಟಿನಿಬ್, ಓಸಿಮೆರ್ಟಿನಿಬ್‌ನಂಥ ಮಾತ್ರೆಗಳು ನೇರ ಹೋಗಿ ಆ ಸ್ಟಾರ್ಟರ್‌ನ ಫ್ಯೂಸ್ ಕೀಳುತ್ತವೆ. ಪಾಶ್ಚಾತ್ಯರ ಅಡಿನೋಕಾರ್ಸಿನೋಮಾದಲ್ಲಿ ಈ ತಪ್ಪು ನೂರಕ್ಕೆ 10-15 ಮಂದಿಯಲ್ಲಿ ಸಿಗುತ್ತದೆ. ಭಾರತದಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ. ಅಂದರೆ ಈ ಪರೀಕ್ಷೆ ಅವರಿಗಿಂತ ನಮಗೇ ಜಾಸ್ತಿ ಲಾಭದ್ದು.

ಇದು ಗೊತ್ತಾದ ಕಥೆ ಸ್ವಾರಸ್ಯವಾಗಿದೆ. ಜೆಫಿಟಿನಿಬ್ ಜಪಾನಿನಲ್ಲಿ 2002ರಲ್ಲಿ, ಅಮೆರಿಕದಲ್ಲಿ 2003ರಲ್ಲಿ ಮಾರುಕಟ್ಟೆಗೆ ಬಂದಾಗ ಯಾರಿಗೆ ಕೆಲಸ ಮಾಡುತ್ತದೆ ಅಂತ ಯಾರಿಗೂ ತಿಳಿದಿರಲಿಲ್ಲ. ಎಲ್ಲರಿಗೂ ಕೊಟ್ಟರು. ಹತ್ತರಲ್ಲಿ ಒಬ್ಬರಿಗೆ ಗಡ್ಡೆ ಕರಗಿಹೋಗುವಷ್ಟು ಗುಣ, ಉಳಿದವರಿಗೆ ಏನೂ ಇಲ್ಲ. 2004ರಲ್ಲಿ ಬಾಸ್ಟನ್‌ನ ಎರಡು ತಂಡಗಳು ಗುಣ ಕಂಡವರ ಗಡ್ಡೆ ಬಗೆದು ನೋಡಿದಾಗ ಇಜಿಎಫ್‌ಆರ್ ತಪ್ಪು ಸಿಕ್ಕಿತು. ಆಮೇಲೆ ಏಷ್ಯಾದ ರೋಗಿಗಳ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಐಪಾಸ್ ಅಧ್ಯಯನ ಲೆಕ್ಕ ಮುಗಿಸಿತು. ಅದಕ್ಕೆ ಆರಿಸಿದ್ದೇ ಸಿಗರೇಟು ಸೇದದ ಅಥವಾ ಕಡಿಮೆ ಸೇದಿ ಬಿಟ್ಟ ಅಡಿನೋ ರೋಗಿಗಳನ್ನು. ಜೀನ್ ತಪ್ಪು ಇದ್ದವರಲ್ಲಿ ಮಾತ್ರೆಯಿಂದ ಗಡ್ಡೆ ಕುಗ್ಗಿದ್ದು ನೂರಕ್ಕೆ 71 ಮಂದಿಗೆ. ಇಲ್ಲದವರಲ್ಲಿ ನೂರಕ್ಕೆ ಒಬ್ಬರಿಗೆ! ಅವರಿಗೆ ಹಳೇ ಕೀಮೋನೇ ವಾಸಿ, ನೂರಕ್ಕೆ 23 ಮಂದಿಗೆ ಕೆಲಸ ಮಾಡಿತ್ತು. "ಹೆಂಗಸು, ಬೀಡಿ ಸೇದಲ್ಲ, ಮಾತ್ರೆ ಶುರು ಮಾಡೋಣ" ಅನ್ನುವ ಅಂದಾಜು ಎಷ್ಟು ದುಬಾರಿ ಅಂತ ಈ ಎರಡು ಅಂಕಿ ನೋಡಿದರೆ ಗೊತ್ತಾಗುತ್ತದೆ, ಅಲ್ವಾ?

ಇಜಿಎಫ್‌ಆರ್ ಒಂದೇ ಅಲ್ಲ. 2007ರಲ್ಲಿ ಜಪಾನಿನ ವಿಜ್ಞಾನಿಗಳು ಎಎಲ್‌ಕೆ ಅನ್ನುವ ಜೀನ್ ಇನ್ನೊಂದು ಜೀನ್‌ಗೆ ಅಂಟಿಕೊಂಡ ಗಡ್ಡೆಗಳನ್ನು ಕಂಡುಹಿಡಿದರು. ನೂರಕ್ಕೆ ನಾಲ್ಕೈದು ಮಂದಿಗೆ ಮಾತ್ರ ಇರುತ್ತದೆ, ಆದರೆ ಇದ್ದವರ ಅದೃಷ್ಟ ಬೇರೆ. ಲೋರ್ಲಾಟಿನಿಬ್ ಮಾತ್ರೆ ತೆಗೆದುಕೊಂಡ ಇಂಥ ರೋಗಿಗಳಲ್ಲಿ ಐದು ವರ್ಷ ಕಳೆದರೂ ನೂರಕ್ಕೆ 60 ಮಂದಿಯಲ್ಲಿ ಕಾಯಿಲೆ ಮುಂದುವರಿದಿರಲಿಲ್ಲ ಅಂತ 2024ರಲ್ಲಿ ವರದಿಯಾಯಿತು. ನಾಲ್ಕನೇ ಸ್ಟೇಜಿನ ಲಂಗ್ ಕ್ಯಾನ್ಸರ್ ಬಗ್ಗೆ ಇಪ್ಪತ್ತು ವರ್ಷದ ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ನಗುತ್ತಿದ್ದರು.

ಇನ್ನು ಇಮ್ಯುನೊಥೆರಪಿ. ನಮ್ಮ ರೋಗನಿರೋಧಕ ಕೋಶಗಳಿಗೆ ಪಿಡಿ-1 ಅನ್ನುವ ಒಂದು ಬ್ರೇಕ್ ಇದೆ. ಕೆಲವು ಗಡ್ಡೆಗಳು ಅದನ್ನೇ ಒತ್ತಿ ಹಿಡಿದು ತಪ್ಪಿಸಿಕೊಳ್ಳುತ್ತವೆ. ಹಿಡಿತ ಬಿಡಿಸುವ ಇಂಜೆಕ್ಷನ್‌ಗಳು ಪೆಂಬ್ರೋಲಿಜುಮಾಬ್, ನಿವೋಲುಮಾಬ್ ಮುಂತಾದವು. ಪಿಡಿ-1 ಕಂಡುಹಿಡಿದ ತಸುಕು ಹೊಂಜೊ ಮತ್ತು ಇಂಥದೇ ಇನ್ನೊಂದು ಬ್ರೇಕ್ ಮೇಲೆ ಕೆಲಸ ಮಾಡಿದ ಜೇಮ್ಸ್ ಆಲಿಸನ್ 2018ರ ನೊಬೆಲ್ ಹಂಚಿಕೊಂಡರು. ಆ ಬ್ರೇಕ್ ಒತ್ತುವ ಪಿಡಿ-ಎಲ್1 ಅನ್ನುವ ಪ್ರೋಟೀನ್ ಗಡ್ಡೆಯಲ್ಲಿ ಜಾಸ್ತಿ ಇದ್ದವರಿಗೆ ಇದು ದೊಡ್ಡ ವರ. ಆದರೆ ಇಜಿಎಫ್‌ಆರ್, ಎಎಲ್‌ಕೆ ತಪ್ಪು ಇರುವ ಗಡ್ಡೆಗಳಿಗೆ ಇದರಿಂದ ಲಾಭ ಕಡಿಮೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮೊದಲು ಇಮ್ಯುನೊಥೆರಪಿ ಕೊಟ್ಟು ಬೆನ್ನಲ್ಲೇ ಓಸಿಮೆರ್ಟಿನಿಬ್ ಶುರು ಮಾಡಿದರೆ ಶ್ವಾಸಕೋಶದಲ್ಲಿ ಅಪಾಯಕಾರಿ ಉರಿಯೂತ ಆಗುವ ಸಾಧ್ಯತೆ ಹೆಚ್ಚುತ್ತದೆ. ಒಂದು ಡೋಸ್‌ಗೆ ಲಕ್ಷ ದಾಟಬಹುದಾದ ಔಷಧಿಗೆ ಹೊಲ ಅಡ ಇಡುವ ಮೊದಲು ಜೀನ್ ರಿಪೋರ್ಟ್ ಕೈಗೆ ಬರಲಿ ಅನ್ನುವುದು ಇದಕ್ಕೇ. ರಿಪೋರ್ಟಿಗೆ ಎರಡು ವಾರ ಹಿಡಿಯಬಹುದು. ಕಾಯಿಲೆ ಜೋರಾಗಿದ್ದು ಕಾಯುವಂತಿಲ್ಲದಿದ್ದರೆ ಕೀಮೋ ಶುರು ಮಾಡಿ, ರಿಪೋರ್ಟ್ ಬಂದ ಮೇಲೆ ದಾರಿ ಬದಲಿಸುತ್ತಾರೆ.

ಬೇಗ ಸಿಕ್ಕ ಗಡ್ಡೆಯ ಕಥೆ ಸರಳ. ಒಂದು, ಎರಡನೇ ಸ್ಟೇಜ್ ಆದರೆ ಆಪರೇಷನ್, ಶ್ವಾಸಕೋಶದ ಒಂದು ಹಾಲೆ ತೆಗೆಯುವುದು. ಬಲಗಡೆ ಮೂರು, ಎಡಗಡೆ ಎರಡು ಹಾಲೆ ಇರುವುದರಿಂದ ಒಂದು ಹೋದರೂ ಜೀವನ ನಡೆಯುತ್ತದೆ. 1933ರಲ್ಲಿ ಅಮೆರಿಕದ ಎವಾರ್ಟ್ಸ್ ಗ್ರಹಾಂ ಒಬ್ಬ ರೋಗಿಯ ಇಡೀ ಎಡ ಶ್ವಾಸಕೋಶವನ್ನೇ ಒಂದೇ ಸಲಕ್ಕೆ ತೆಗೆದು ಬದುಕಿಸಿದರು. ಮುಂದೆ 1950ರಲ್ಲಿ ಸಿಗರೇಟಿಗೂ ಈ ಕ್ಯಾನ್ಸರಿಗೂ ನಂಟಿದೆ ಅಂತ ತೋರಿಸಿದವರಲ್ಲೂ ಅವರೊಬ್ಬರು. ಸ್ವತಃ ವರ್ಷಗಟ್ಟಲೆ ಸಿಗರೇಟು ಸೇದಿದವರು, 1957ರಲ್ಲಿ ಅದೇ ಕ್ಯಾನ್ಸರಿಂದ ತೀರಿಕೊಂಡರು. ಅವರ ರೋಗಿ ಅವರಿಗಿಂತ ಹೆಚ್ಚು ಕಾಲ ಬದುಕಿದರು. ಆಪರೇಷನ್ ಆಯಿತು, ಇನ್ನೇನು ಜೀನ್ ಟೆಸ್ಟ್ ಅನ್ನಬೇಡಿ. ಇಜಿಎಫ್‌ಆರ್ ತಪ್ಪು ಇದ್ದವರಿಗೆ ಆಪರೇಷನ್ ನಂತರ ಮೂರು ವರ್ಷ ಓಸಿಮೆರ್ಟಿನಿಬ್ ಕೊಟ್ಟಾಗ ಐದು ವರ್ಷ ಬದುಕಿದವರು ನೂರಕ್ಕೆ 88, ಕೊಡದವರಲ್ಲಿ 78. ಮೂರನೇ ಸ್ಟೇಜಿನಲ್ಲಿ ಆಪರೇಷನ್ ಆಗದಿದ್ದರೆ ಕೀಮೋ, ರೇಡಿಯೇಷನ್ ಒಟ್ಟಿಗೆ.

ಇಜಿಎಫ್‌ಆರ್ ಮಾತ್ರೆ ಶುರುವಾದ ಮೇಲೆ ಮನೆಯಲ್ಲಿ ಆಗುವ ಎಡವಟ್ಟುಗಳೂ ಇವೆ. ಮುಖದ ಮೇಲೆ ಮೊಡವೆ ಥರ ಗುಳ್ಳೆ ಏಳುತ್ತವೆ, ಭೇದಿ ಆಗುತ್ತದೆ. "ಉಷ್ಣ ಆಗೈತಿ" ಅಂತ ಮಾತ್ರೆ ನಿಲ್ಲಿಸಿ ಎಳನೀರು ಕುಡಿಸುತ್ತಾರೆ. ಎಳನೀರು ಕುಡಿಯಲಿ, ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಗುಳ್ಳೆಗೆ ಬೇರೆ ಔಷಧಿ ಇದೆ. ಇನ್ನೊಂದು, ಬೆಳಿಗ್ಗೆ ಎದ್ದ ಕೂಡಲೇ ನುಂಗುವ ಗ್ಯಾಸ್ ಮಾತ್ರೆ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಜೆಫಿಟಿನಿಬ್, ಎರ್ಲೋಟಿನಿಬ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ತಾವೇ ಕೊಂಡದ್ದನ್ನು ಡಾಕ್ಟರಿಗೆ ಹೇಳುವ ಅಭ್ಯಾಸ ನಮ್ಮಲ್ಲಿಲ್ಲ. ಖರ್ಚಿನ ಮಾತು ಹೇಳುವುದಾದರೆ, ಜೆಫಿಟಿನಿಬ್‌ನ ಜೆನೆರಿಕ್ ಮಾತ್ರೆ ತಿಂಗಳಿಗೆ ಕೆಲವು ಸಾವಿರಕ್ಕೆ ಸಿಗುತ್ತದೆ. ಓಸಿಮೆರ್ಟಿನಿಬ್ ಮೇಲಿನ ಕಸ್ಟಮ್ಸ್ ಸುಂಕವನ್ನು 2024ರ ಬಜೆಟ್‌ನಲ್ಲಿ ತೆಗೆದರು, ಆದರೂ ಕೈಗೆಟುಕುವ ಬೆಲೆ ಅನ್ನಲಾಗದು.

ವರ್ಷವೋ ಎರಡು ವರ್ಷವೋ ಆದ ಮೇಲೆ ಗಡ್ಡೆ ಬೇರೆ ವೈರಿನಿಂದ ಕರೆಂಟ್ ಎಳೆದುಕೊಳ್ಳಲು ಕಲಿಯುತ್ತದೆ. ಜೆಫಿಟಿನಿಬ್ ತೆಗೆದುಕೊಂಡವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಟಿ790ಎಂ ಅನ್ನುವ ಹೊಸ ತಪ್ಪು ಸೇರಿಕೊಳ್ಳುತ್ತದೆ, ಅದಕ್ಕೆ ಓಸಿಮೆರ್ಟಿನಿಬ್ ಇದೆ. ಹಾಗಾಗಿ ಕಾಯಿಲೆ ಮತ್ತೆ ತಲೆ ಎತ್ತಿದಾಗ ಪರೀಕ್ಷೆಯನ್ನೂ ಮತ್ತೆ ಮಾಡಬೇಕು. ಈ ಸಲ ಮೊದಲು ಸೂಜಿಗೆ ಎದೆ ಒಡ್ಡಬೇಕಿಲ್ಲ. ಗಡ್ಡೆಯ ಡಿಎನ್‌ಎ ಚೂರುಗಳು ರಕ್ತದಲ್ಲೂ ತೇಲುತ್ತಿರುತ್ತವೆ. ರಕ್ತವನ್ನು ದಾವಣಗೆರೆಯಲ್ಲೇ ತೆಗೆದು ದೊಡ್ಡ ಊರಿನ ಲ್ಯಾಬಿಗೆ ಕಳಿಸಬಹುದು, ರೋಗಿ ಬಸ್ ಹತ್ತುವ ಅಗತ್ಯ ಇಲ್ಲ. ರಕ್ತದಲ್ಲಿ ತಪ್ಪು ಸಿಕ್ಕರೆ ಅದನ್ನು ನಂಬಬಹುದು. ಸಿಗದಿದ್ದರೆ ಮಾತ್ರ ಇಲ್ಲ ಅಂತ ತೀರ್ಮಾನಿಸದೆ ಮತ್ತೊಮ್ಮೆ ಬಯಾಪ್ಸಿ ಮಾಡಿಸಬೇಕಾಗುತ್ತದೆ.