ಶೀಲೆಯ ಒರಟು ಗೆರೆ: ಕುರ್ಚಿ ಎಲ್ಲಿ ಹೋಯಿತು?

ಫಿಗರ್ ಡ್ರಾಯಿಂಗ್, ಅಂದರೆ ಮನುಷ್ಯರ ಆಕೃತಿ ಬರೆಯುವುದನ್ನು ಕಲಿಯುವವರಿಗೆ ಆಸ್ಟ್ರಿಯಾದ ಚಿತ್ರಕಾರ ಎಗೋನ್ ಶೀಲೆ ಒಂದಲ್ಲ ಒಂದು ದಿನ ಎದುರಾಗುತ್ತಾನೆ. ಮೂಳೆ ಎದ್ದು ಕಾಣುವ ಮೈ, ಗಂಟುಗಂಟು ಬೆರಳು, ನಡುವೆಯೇ ಕಡಿದುಹೋದ ಗೆರೆ. ಸುಮ್ನೆ ಗೀಚಿದ ಹಾಗಿದ್ದರೂ ಆಕೃತಿ ಕುಸಿಯುವುದಿಲ್ಲ. ಯಾಕೆ ಕುಸಿಯುವುದಿಲ್ಲ ಅಂತ ಹುಡುಕುತ್ತಾ ಬರೆದುಕೊಂಡದ್ದು ಇದು.

ಹಿನ್ನೆಲೆ

1890ರಲ್ಲಿ ಆಸ್ಟ್ರಿಯಾದ ಟುಲ್ನ್‌ನಲ್ಲಿ ಹುಟ್ಟಿದ. 1906ರಲ್ಲಿ ವಿಯೆನ್ನಾದ ಕಲಾ ಅಕಾಡೆಮಿ ಸೇರಿ 1909ರಲ್ಲಿ ಬಿಟ್ಟ. 1918ರಲ್ಲಿ ಸ್ಪ್ಯಾನಿಷ್ ಫ್ಲೂ ಬಂದು, ಹೆಂಡತಿ ಎಡಿತ್ ತೀರಿಕೊಂಡ ಮೂರೇ ದಿನಕ್ಕೆ ಅವನೂ ಹೋದ. ಆಗ 28 ವರ್ಷ.

ಅವನಿಗಿಂತ ಮೊದಲೇ ಪ್ಯಾರಿಸ್ಸಿನಲ್ಲಿ ಶಿಲ್ಪಿ ರೋಡಿನ್ ಈ ದಾರಿ ತುಳಿದಿದ್ದ. ಮಾಡೆಲ್‌ಗಳನ್ನು ತಮ್ಮಷ್ಟಕ್ಕೆ ಓಡಾಡಲು ಬಿಟ್ಟು, ಕಾಗದದ ಕಡೆ ನೋಡದೆ ಗೆರೆ ಎಳೆಯುತ್ತಿದ್ದ. 1902ರಲ್ಲಿ ವಿಯೆನ್ನಾಕ್ಕೂ ಬಂದು ಅಲ್ಲಿನ ಚಿತ್ರಕಾರ ಕ್ಲಿಮ್ಟ್‌ನ ಕೆಲಸ ನೋಡಿ ಹೋದ. ಆ ಕ್ಲಿಮ್ಟ್‌ನೇ ಮುಂದೆ ಶೀಲೆಯ ಬೆನ್ನಿಗೆ ನಿಂತವನು.

ಕುರ್ಚಿ ಎಲ್ಲಿ?

ಇದೇ ನಿಜವಾದ ತಲೆನೋವು. 1910ರ ‘ಕುಳಿತ ಬೆತ್ತಲೆ ಗಂಡಸು’ ನೋಡಿ. ಅದು ಪೇಂಟಿಂಗ್, ಆದರೆ ಯೋಚನೆ ಪೂರ್ತಿ ಡ್ರಾಯಿಂಗಿನದು. ಶೀಲೆ ತನ್ನನ್ನೇ ಕೂರಿಸಿದ್ದಾನೆ. ಕುರ್ಚಿ ಇಲ್ಲ, ನೆಲ ಇಲ್ಲ, ಪಾದವೂ ಇಲ್ಲ. ಆದರೂ ಅವನು ಕೂತಿದ್ದಾನೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಸೊಂಟ ಮಡಿಚಿದ ರೀತಿ, ತೊಡೆ ಹೊರಟ ದಿಕ್ಕು, ಇವೆರಡೇ ಕುರ್ಚಿಯ ಕೆಲಸ ಮಾಡುತ್ತವೆ.

ಹಾಗಾದರೆ ಏನು ಬಿಡಬಹುದು, ಏನು ಬಿಡಬಾರದು? ಅವನ ಒಂದು ಡ್ರಾಯಿಂಗಿನ ಪ್ರಿಂಟ್ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಗೆರೆ ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲೆಲ್ಲ ಕೆಂಪು ಚುಕ್ಕೆ ಇಡಿ. ಚುಕ್ಕೆಗಳು ಎರಡು ಜಾತಿಯವು.

ಮೊದಲನೆಯದು, ಇನ್ನೊಂದು ಗೆರೆಗೆ ಬಂದು ಮುಟ್ಟಿ ನಿಂತದ್ದು. 1917ರ ‘ಮೊಣಕಾಲು ಮಡಚಿ ಕುಳಿತ ಹೆಂಗಸು’ ಪ್ರಾಗ್‌ನಲ್ಲಿದೆ. ಹಸಿರು ಮೇಲಂಗಿ, ಎತ್ತಿದ ಮೊಣಕಾಲಿನ ಮೇಲೆ ವಾಲಿದ ತಲೆ. ಮುಂದೆ ಬಂದದ್ದರ ಗೆರೆ ತಡೆಯಿಲ್ಲದೆ ಸಾಗುತ್ತದೆ. ಹಿಂದೆ ಸರಿದದ್ದರ ಗೆರೆ ಅದಕ್ಕೆ ತಾಗಿದ್ದೇ ನಿಂತುಬಿಡುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಅನ್ನುವುದು ಶೇಡಿಂಗ್ ಇಲ್ಲದೆ ಅಲ್ಲೇ ತೀರ್ಮಾನ ಆಗುತ್ತದೆ. ಈ ಒಂದು ತಾಗು ಕೆಟ್ಟರೆ ಕಾಲು ಮೈಗೆ ಅಂಟಿಸಿದ ಹಾಗೆ ಕಾಣುತ್ತದೆ.

ಎರಡನೆಯದು, ಖಾಲಿ ಜಾಗದಲ್ಲೇ ಬಿಟ್ಟುಹೋದ ಗೆರೆ. ನಾನು ಗಮನಿಸಿದ ಮಟ್ಟಿಗೆ ಇವು ಜಾಸ್ತಿ ಸಿಗುವುದು ತೊಡೆಯ ನಡು, ಬೆನ್ನಿನ ಉದ್ದ, ಹೀಗೆ ದಿಕ್ಕು ಬದಲಾಗದ ಕಡೆ. ಮೊಣಕೈ, ಮಂಡಿ, ಭುಜದ ಮೂಳೆ ಬಂದರೆ ಗೆರೆ ಗಟ್ಟಿಯಾಗುತ್ತದೆ, ಕೋನ ಚೂಪಾಗುತ್ತದೆ. ಕೀಲು ಹಿಡಿ, ಮಾಂಸ ಬಿಡು. ಮಾಡೆಲ್ ಪೋಸ್ ಕೊಡುವ ಹೊತ್ತು ಮುಗಿಯುತ್ತಾ ಬಂದಾಗ ಕೈಗೆ ಬರುವ ಶಾರ್ಟ್‌ಕಟ್ ಇದೊಂದೇ.

ಇನ್ನೊಂದು ಕುತಂತ್ರ ನನಗೆ ಬಹಳ ಇಷ್ಟ. ಮಲಗಿದ ಮಾಡೆಲ್‌ನ್ನು ಬರೆದು, ಕಾಗದವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿ, ನಿಂತ ಹಾಗೆ ನೋಡಲಿ ಅಂತ ಸಹಿ ಹಾಕುತ್ತಿದ್ದ! ಏಣಿ ಹತ್ತಿ ಮೇಲಿಂದ ಬರೆದವೂ ಇವೆ. ಅವನ ಆಕೃತಿಗಳು ತೇಲಿದಂತೆ ಕಂಡರೆ ಮೊದಲು ಸಹಿ ಎಲ್ಲಿದೆ ನೋಡಿ, ಆಮೇಲೆ ಪುಟ ತಿರುಗಿಸಿ.

ಬಣ್ಣ, ರಬ್ಬರ್

ಹತ್ತಿರದಿಂದ ಬಲ್ಲ ಸಂಗ್ರಾಹಕ ಹೈನ್ರಿಶ್ ಬೆನೆಶ್ ಹೇಳುವಂತೆ, ಶೀಲೆ ರಬ್ಬರ್ ಮುಟ್ಟುತ್ತಿರಲಿಲ್ಲ. ಬಣ್ಣ ಹಾಕುತ್ತಿದ್ದದ್ದು ಆಮೇಲೆ, ಮಾಡೆಲ್ ಇಲ್ಲದೆ, ನೆನಪಿನಿಂದ. ಹಾಗಾಗಿ ಹಸಿರು ಕೆನ್ನೆ, ಕೆಂಪು ಮೊಣಕೈ ಬಂದರೆ ಬೆಳಕಿನ ಲೆಕ್ಕದಲ್ಲಿ ಹುಡುಕಬೇಡಿ. 1915ರ ನಂತರ ಗೆರೆ ಸ್ವಲ್ಪ ದುಂಡಗಾಗುತ್ತದೆ, ಮೈಗೆ ತೂಕ ಬರುತ್ತದೆ.

ಮುಂದಿನವರು

ಬ್ರಿಟನ್ನಿನ ಕಲಾವಿದೆ ಟ್ರೇಸಿ ಎಮಿನ್ 2015ರಲ್ಲಿ ವಿಯೆನ್ನಾದ ಲಿಯೋಪೋಲ್ಡ್ ಮ್ಯೂಸಿಯಂನಲ್ಲಿ ತನ್ನ ಕೆಲಸವನ್ನು ಶೀಲೆಯ ಪಕ್ಕದಲ್ಲೇ ಇಟ್ಟಳು. ಅವಳು ತೆಗೆದುಕೊಂಡದ್ದು ತನ್ನ ಮೈಯನ್ನೇ ವಸ್ತು ಮಾಡಿಕೊಳ್ಳುವ ಧೈರ್ಯ. ಕೀಲಿನ ಲೆಕ್ಕ ಅಲ್ಲಿ ಕಡಿಮೆ, ಗೆರೆ ನಡುಗುತ್ತದೆ.

ಬ್ರಿಟನ್ನಿನ ಇನ್ನೊಬ್ಬ ಚಿತ್ರಕಾರ್ತಿ ಜೆನ್ನಿ ಸ್ಯಾವಿಲ್ ಜೊತೆ ಶೀಲೆಯನ್ನು ಪ್ರದರ್ಶನದಲ್ಲಿ ಇಟ್ಟದ್ದು ಜ್ಯೂರಿಕ್‌ನ ಕುನ್ಸ್‌ಟ್‌ಹೌಸ್ ಕಲಾ ಮ್ಯೂಸಿಯಂ, 2014ರಲ್ಲಿ. ನನಗೆ ಹೆಚ್ಚು ಕಲಿಸಿದ್ದು ಈ ಜೋಡಿ. ಸ್ಯಾವಿಲ್‌ಳ ತಾಯಿ-ಮಗುವಿನ ಇದ್ದಿಲು ಚಿತ್ರಗಳಲ್ಲಿ ಮಗು ಹೊರಳಿದಷ್ಟೂ ಹೊಸ ಗೆರೆ, ಹಳೆಯದು ಅಡಿಯಲ್ಲಿ ಹಾಗೇ. ಶೀಲೆ ಹತ್ತರಲ್ಲಿ ಒಂದು ಗೆರೆ ಆರಿಸುತ್ತಾನೆ, ಇವಳು ಹತ್ತನ್ನೂ ಉಳಿಸುತ್ತಾಳೆ. ಎರಡನ್ನೂ ನಾವು ‘ಒರಟು’ ಅಂದುಬಿಡುತ್ತೇವೆ, ಅಲ್ವಾ? ಕೆಂಪು ಚುಕ್ಕೆಯ ಅಭ್ಯಾಸವನ್ನು ಸ್ಯಾವಿಲ್‌ಳ ಮೇಲೆ ಮಾಡಲು ಹೋಗಬೇಡಿ, ಹಾಳೆಯೆಲ್ಲ ಕೆಂಪಾಗುತ್ತದೆ.